ಅಮೆರಿಕದ ಇಂಟರ್ನ್‌ಶಿಪ್: ಮೂವತ್ತು ಕಡೆ ಅರ್ಜಿ ಹಾಕೋ ಮೊದಲು

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿವೆ. ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್ ಮಾಡುವವರು ಕೊನೆಯಲ್ಲಿ ಮಾಡಲೇಬೇಕಾದ ಒಂದು ವರ್ಷದ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕೋದು ಹೇಗೆ ಅಂತ. ಮೈಸೂರಿಗೆ ವಾಪಸ್ ಬರುವ ಮೊದಲು ನಾನು ಅಲ್ಲಿ ಇಂಥ ಅರ್ಜಿಗಳನ್ನು ಓದಿ ಆರಿಸುವ ಕೆಲಸದಲ್ಲಿದ್ದೆ. ಹಾಗಾಗಿ ಮೇಜಿನ ಆ ಕಡೆಯಿಂದ ಏನು ಕಾಣುತ್ತದೋ ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಪಿಎಚ್.ಡಿ. ಮಾಡುತ್ತಿದ್ದಾಳೆ. ನಾಲ್ಕು ವರ್ಷ ಆಯಿತು. ಈಗ ಇಂಟರ್ನ್‌ಶಿಪ್ಪಿಗೆ ಬೇರೆ ಅರ್ಜಿ, ಬೇರೆ ಸಂದರ್ಶನ, ಸಿಗದೆಯೂ ಇರಬಹುದು ಅನ್ನುತ್ತಾಳೆ. ಅವಳ ಯೂನಿವರ್ಸಿಟಿಯವರೇ ಯಾಕೆ ಕೊಡಲ್ಲ? ಡಿಸೆಂಬರ್ ಮೊದಲ ವಾರ ಅವಳ ಅಣ್ಣನ ಮದುವೆ. ಅದಕ್ಕೂ ಬರೋದು ಕಷ್ಟ ಅಂತಿದ್ದಾಳೆ.
(ಒಬ್ಬ ತಂದೆ, ಮಂಡ್ಯ)

ಉತ್ತರ: ಮಗಳು ಹೇಳುತ್ತಿರುವುದು ನಿಜ ಸರ್. ನಮ್ಮಲ್ಲಿ ನಿಮ್ಹಾನ್ಸ್‌ನಂಥ ಕಡೆ ಕ್ಲಿನಿಕಲ್ ಸೈಕಾಲಜಿ ಓದುವವರು ಅದೇ ಸಂಸ್ಥೆಯ ವಾರ್ಡು, ಒಪಿಡಿಯಲ್ಲೇ ತರಬೇತಿ ಪಡೆಯುತ್ತಾರೆ. ಅಲ್ಲಿ ಹಾಗಲ್ಲ. ಓದು ಯೂನಿವರ್ಸಿಟಿಯದು, ಇಂಟರ್ನ್‌ಶಿಪ್ ಬೇರೆ ಯಾವುದೋ ಆಸ್ಪತ್ರೆಯದು ಅಥವಾ ಕ್ಲಿನಿಕ್ಕಿನದು, ಅದೂ ಎಷ್ಟೋ ಸಲ ಬೇರೆ ರಾಜ್ಯದಲ್ಲಿ. ಅದು ಮುಗಿಯದೆ ಡಾಕ್ಟರೇಟ್ ಕೈಗೆ ಬರುವುದಿಲ್ಲ. ಸ್ಟೈಪೆಂಡ್ ಕೊಡುತ್ತಾರೆ, ಆದರೆ ಅದರಿಂದ ಶ್ರೀಮಂತರಾದವರನ್ನು ನಾನು ನೋಡಿಲ್ಲ.

ಇದನ್ನೆಲ್ಲ ನಡೆಸುವ ಸಂಸ್ಥೆಯ ಹೆಸರು ಆ್ಯಪಿಕ್. ಬೇಸಿಗೆಯಲ್ಲಿ ಆನ್‌ಲೈನ್ ಅರ್ಜಿ ಶುರುವಾಗುತ್ತದೆ. ಬಹಳಷ್ಟು ಕಡೆ ಕೊನೆಯ ದಿನಾಂಕ ನವೆಂಬರ್ ಮೊದಲ ವಾರಗಳಲ್ಲಿ ಇರುತ್ತದೆ, ಅಂದರೆ ಇಲ್ಲಿ ರಾಜ್ಯೋತ್ಸವದ ಬಾವುಟ ಏರುವ ಹೊತ್ತಿಗೆ ಅವಳು ಅಲ್ಲಿ ಅರ್ಜಿ ಒತ್ತುತ್ತಿರುತ್ತಾಳೆ. ಡಿಸೆಂಬರ್, ಜನವರಿಯಲ್ಲಿ ಸಂದರ್ಶನ. ಆಮೇಲೆ ಅಭ್ಯರ್ಥಿಗಳೂ ಇಂಟರ್ನ್‌ಶಿಪ್ ಕೊಡುವ ಸೈಟುಗಳೂ (ಆಸ್ಪತ್ರೆ, ಕ್ಲಿನಿಕ್) ತಮಗೆ ಬೇಕಾದವರ ಪಟ್ಟಿಯನ್ನು ಕ್ರಮವಾಗಿ ಕೊಡುತ್ತಾರೆ, ಕಂಪ್ಯೂಟರ್ ಜೋಡಿಸುತ್ತದೆ. ಇದಕ್ಕೆ ಮ್ಯಾಚ್ ಅನ್ನುತ್ತಾರೆ. ಫೆಬ್ರವರಿಯಲ್ಲಿ ಅದರ ಫಲಿತಾಂಶ. ಆಗ ಸಿಗದವರಿಗೆ ಮಾರ್ಚ್‌ನಲ್ಲಿ ಎರಡನೇ ಸುತ್ತು. ಒಂದು ಕಾಲವಿತ್ತು, 2012ರ ಆಸುಪಾಸು, ಸೀಟಿಗಿಂತ ಅರ್ಜಿದಾರರೇ ತುಂಬಾ ಜಾಸ್ತಿ ಇದ್ದರು, ಸಾಲ ಮಾಡಿ ಓದಿದ ಮಕ್ಕಳು ಒಂದು ವರ್ಷ ಸುಮ್ನೆ ಕಾಯಬೇಕಾಗುತ್ತಿತ್ತು. ಈಗ ಅಷ್ಟು ಬಿಗಿ ಇಲ್ಲ. ಹೆದರಬೇಡಿ.

ಮದುವೆಗೆ ಬರಬಹುದು. ಕೋವಿಡ್ ನಂತರ ಸಂದರ್ಶನಗಳು ಹೆಚ್ಚಾಗಿ ವಿಡಿಯೋದಲ್ಲೇ ನಡೆಯುತ್ತವೆ. ಹೇಗೂ ಧನುರ್ಮಾಸ ಶುರುವಾಗುವ ಮೊದಲೇ ನಿಮ್ಮ ಮನೆ ಮದುವೆ ಮುಗಿದಿರುತ್ತದೆ, ಸಂದರ್ಶನಗಳಲ್ಲಿ ಅರ್ಧಕ್ಕರ್ಧ ಆಮೇಲೆ ಬರುತ್ತವೆ. ಸಮಯದ ಲೆಕ್ಕ ಮಾತ್ರ ಈಗಲೇ ಹಾಕಿಕೊಳ್ಳಿ. ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬೆಳಗ್ಗೆ 9 ಅಂದರೆ ನಮಗೆ ಸಂಜೆ 7.30. ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಅಂದರೆ ರಾತ್ರಿ 10.30, ಅರ್ಧ ದಿನದ ಸಂದರ್ಶನ ಆದರೂ ಮಧ್ಯರಾತ್ರಿ ದಾಟುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಇದು ಆಗದ ಮಾತು. ಪಕ್ಕದ ಮನೆಯಲ್ಲೋ ಲಾಡ್ಜಿನಲ್ಲೋ ಒಂದು ರೂಮು, ಯುಪಿಎಸ್, ಮೊಬೈಲ್‌ನಲ್ಲಿ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಲಿ. ಕರೆಂಟ್ ಹೋಯಿತು ಅಂದರೆ ಅಲ್ಲಿಯವರು ಕೋಪ ಮಾಡಿಕೊಳ್ಳುವುದಿಲ್ಲ, ಆದರೆ ಮಗಳ ಲಯ ತಪ್ಪುತ್ತದೆ. ಇನ್ನೊಂದು ವಿಷಯ ಅವಳನ್ನೇ ಕೇಳಿ: ಪಾಸ್‌ಪೋರ್ಟಿನಲ್ಲಿರುವ ವೀಸಾ ಅವಧಿ ಇನ್ನೂ ಇದೆಯಾ, ಯೂನಿವರ್ಸಿಟಿ ಕೊಟ್ಟಿರುವ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಇದೆಯಾ? ವೀಸಾ ಮುಗಿದಿದ್ದರೆ ಹೊಸದಕ್ಕೆ ಕಾಯುತ್ತಾ ಇಲ್ಲೇ ಸಿಕ್ಕಿಬೀಳುವ ಅಪಾಯ ಇದೆ. ಬರೋದು ಕಷ್ಟ ಅನ್ನುತ್ತಿರುವುದಕ್ಕೆ ಅಸಲಿ ಕಾರಣ ಅದೇ ಇರಬಹುದು.

ಪ್ರಶ್ನೆ: ನಾನು ಸೈ.ಡಿ. (ಸೈಕಾಲಜಿ ಡಾಕ್ಟರೇಟ್) ನಾಲ್ಕನೇ ವರ್ಷ. ಎಫ್-1 ವಿದ್ಯಾರ್ಥಿ ವೀಸಾ. ರಜೆಗೆ ಮೈಸೂರಿಗೆ ಬಂದಿದ್ದೇನೆ. ನನ್ನ ಹತ್ತಿರ ಚಿಕಿತ್ಸೆಯ ನೇರ ಗಂಟೆಗಳು ಸುಮಾರು 600 ಇವೆ, ಸಹಪಾಠಿಯ ಹತ್ತಿರ 1,200. ಮೂವತ್ತು ಕಡೆಯಾದರೂ ಹಾಕು ಅಂತ ಸೀನಿಯರ್ ಒಬ್ಬರು ಹೇಳಿದರು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ಆಸ್ಪತ್ರೆಯಲ್ಲಿ ಕಳೆದ ಗಂಟೆಗಳನ್ನೂ ಸೇರಿಸಬಹುದಾ? ಕನ್ನಡ ಬರುತ್ತೆ ಅಂತ ಹಾಕಿದರೆ ಉಪಯೋಗ ಇದೆಯಾ?
(ಕುವೆಂಪುನಗರ, ಮೈಸೂರು)

ಉತ್ತರ: 600 ಕಡಿಮೆ ಏನಲ್ಲ. ಪ್ರತಿ ಸೈಟೂ ತನಗೆ ಕನಿಷ್ಠ ಎಷ್ಟು ಗಂಟೆ ಬೇಕು ಅಂತ ಆ್ಯಪಿಕ್ ಡೈರೆಕ್ಟರಿಯಲ್ಲಿ ಬರೆದಿರುತ್ತದೆ. ಆ ಗೆರೆ ದಾಟಿದ ಮೇಲೆ 600ಕ್ಕೂ 1,200ಕ್ಕೂ ನಾವು ಹೆಚ್ಚು ವ್ಯತ್ಯಾಸ ನೋಡುತ್ತಿರಲಿಲ್ಲ. ಬದಲಿಗೆ ಆ 600 ಗಂಟೆ ಯಾರ ಜೊತೆ ಕಳೆದಿರಿ, ಯಾವ ತೊಂದರೆ ಇದ್ದವರು, ಮೇಲ್ವಿಚಾರಕರು ನಿಮ್ಮ ಸೆಷನ್ನಿನ ರೆಕಾರ್ಡಿಂಗ್ ನೋಡಿದ್ದಾರಾ, ಇವನ್ನು ನೋಡುತ್ತಿದ್ದೆವು. ರೋಗಿಗಳಿಗೆ ಮಾಡುವ ಸೈಕಾಲಜಿ ಪರೀಕ್ಷೆಗಳ ಕಡೆ ಸ್ವಲ್ಪ ಗಮನ ಕೊಡಿ. ಹಲವು ಪರೀಕ್ಷೆಗಳ ಫಲಿತಾಂಶ, ಸಂದರ್ಶನ, ಹಿನ್ನೆಲೆ ಎಲ್ಲವನ್ನೂ ಸೇರಿಸಿ ಬರೆದ ಸಮಗ್ರ ವರದಿಗಳು ಎಷ್ಟಿವೆ ಅಂತ ಫಾರಂ ಬೇರೆಯಾಗಿಯೇ ಕೇಳುತ್ತದೆ. ಮಕ್ಕಳ ಆಸ್ಪತ್ರೆ, ನ್ಯೂರೋಸೈಕಾಲಜಿ ಇರುವ ಕಡೆ ಇದು ಕಮ್ಮಿ ಇದ್ದರೆ ಕಷ್ಟ. ಅರ್ಜಿ ಹಾಕಲು ಇನ್ನೂ ಕೆಲವು ತಿಂಗಳಿವೆ, ಚಿಕಿತ್ಸೆಯ ಗಂಟೆ ಗುಡ್ಡೆ ಹಾಕುವ ಬದಲು ಎರಡು ಒಳ್ಳೆ ವರದಿ ಬರೆಯಿರಿ.

ಎಂ.ಎಸ್ಸಿ. ಗಂಟೆಗಳಿಗೆ ಫಾರಂನಲ್ಲಿ ಬೇರೆ ಜಾಗ ಇದೆ, ಡಾಕ್ಟರೇಟಿನ ಗಂಟೆಗಳ ಜೊತೆ ಕಲಸಬೇಡಿ. ಕೋರ್ಸಿನ ಭಾಗವಾಗಿ, ಮೇಲ್ವಿಚಾರಣೆಯಲ್ಲಿ ಮಾಡಿದ್ದರೆ ಮಾತ್ರ ಲೆಕ್ಕ. ಸಂಬಳಕ್ಕೋ ಸ್ವಯಂಸೇವೆಗೋ ಮಾಡಿದ್ದು ಸಿ.ವಿ.ಗೆ ಹೋಗಲಿ. ನಿಮ್ಮ ಕೋರ್ಸಿನ ತರಬೇತಿ ನಿರ್ದೇಶಕರು ಇದನ್ನೆಲ್ಲ ದೃಢೀಕರಿಸಬೇಕು, ಆದ್ದರಿಂದ ಈಗಲೇ ಅವರಿಗೆ ಒಂದು ಮೇಲ್ ಹಾಕಿ ಕೇಳಿ. ಇಲ್ಲಿ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆ ಮಾಡಿದ್ದರೆ ಅದನ್ನು ಬಿಡಬೇಡಿ, ಅದು ಏನು ಅಂತ ಅರ್ಧ ಸಾಲಿನಲ್ಲಿ ಹೇಳಿ. ಅಲ್ಲಿ ಅರ್ಜಿ ಓದುವವರಿಗೆ ಹೆಚ್ಚಾಗಿ ಗೊತ್ತಿರುವುದು ವೆಕ್ಸ್ಲರ್ ಬುದ್ಧಿಶಕ್ತಿ ಪರೀಕ್ಷೆ.

ಕನ್ನಡದ ಬಗ್ಗೆ. ಯಾವ ಭಾಷೆಯಲ್ಲಿ ಚಿಕಿತ್ಸೆ ಕೊಡುವಷ್ಟು ಸಲೀಸು ಅಂತ ಕೇಳುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡಿ, ಸೈಕಾಲಜಿಯನ್ನೆಲ್ಲ ಇಂಗ್ಲಿಷಿನಲ್ಲಿ ಓದಿದವರು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ನಂಜನಗೂಡಿನಿಂದ ಬಂದ ಅಜ್ಜಿಯೊಬ್ಬರ ಹತ್ತಿರ ಸಾಯುವ ಯೋಚನೆ ಬರುತ್ತದಾ ಅಂತ ತಡವರಿಸದೆ, ಅವರಿಗೆ ಬೇಸರ ಆಗದ ಹಾಗೆ ಕೇಳಬಲ್ಲಿರಾ? ಹೌದು ಅಂದರೆ ಧೈರ್ಯವಾಗಿ ಹಾಕಿ. ಕನ್ನಡ ಬೇಕು ಅಂತ ಕೇಳುವ ಸೈಟ್ ಅಲ್ಲಿ ಇರುವುದು ಅನುಮಾನ, ಆದರೆ ಎರಡು ಭಾಷೆಯಲ್ಲಿ ಕೆಲಸ ಮಾಡಿದವರ ಮೇಲೆ ಗಮನ ಹೋಗುತ್ತದೆ.

ಈಗ ಮೂವತ್ತರ ವಿಚಾರ. ಬೇಡ. ಹದಿನೈದರ ಆಸುಪಾಸು ಸಾಕು ಅಂತ ಆ್ಯಪಿಕ್ಕೇ ಹೇಳುತ್ತಾ ಬಂದಿದೆ. ಅದರ ಮೇಲೆ ಹಾಕಿದಷ್ಟೂ ದುಡ್ಡು ಹೋಗುತ್ತದೆ, ಅವಕಾಶ ಅಷ್ಟೇನೂ ಏರುವುದಿಲ್ಲ. ಕಾರಣ ಸುಲಭ. ಪ್ರತಿ ಸೈಟಿಗೂ ಬೇರೆ ಕವರ್ ಲೆಟರ್ ಬೇಕು, ಮೂವತ್ತು ಬರೆಯುವಾಗ ಹದಿನೈದನೆಯದರಿಂದ ಆಚೆ ಬರೀ ಆಸ್ಪತ್ರೆಯ ಹೆಸರು ಬದಲಾಯಿಸುತ್ತಾ ಹೋಗುತ್ತೀರಿ, ಅದು ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಹಳೆಯ ಆಸ್ಪತ್ರೆಯ ಹೆಸರು ಹಾಗೇ ಉಳಿದಿರುವ ಪತ್ರಗಳೂ ಬರುತ್ತಿದ್ದವು ಮಾರಾಯ್ರೇ! 'ನಿಮ್ಮ ಪ್ರತಿಷ್ಠಿತ ಸಂಸ್ಥೆ' ಅಂತ ಶುರು ಮಾಡುವ ಪತ್ರವನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಅವರ ಬ್ರೋಷರ್ ಓದಿ. ಯಾವ ರೊಟೇಷನ್ (ವರ್ಷದಲ್ಲಿ ಸರದಿಯಂತೆ ಮಾಡುವ ಒಂದೊಂದು ವಿಭಾಗದ ಕೆಲಸ) ಬೇಕು, ಆ ರೊಟೇಷನ್ನಿಗೆ ಬರುವಂಥವರ ಜೊತೆ ನೀವು ಈಗಾಗಲೇ ಏನು ಮಾಡಿದ್ದೀರಿ, ಇನ್ನೂ ಏನು ಬರುವುದಿಲ್ಲ, ಅದನ್ನು ಅಲ್ಲಿ ಯಾಕೆ ಕಲಿಯಬಹುದು. ಒಂದು ಪುಟದಲ್ಲಿ ಇಷ್ಟು ಬಂದರೆ ಆಯಿತು. 'ಇನ್ನೂ ಬರುವುದಿಲ್ಲ' ಅನ್ನುವ ಭಾಗವನ್ನು ನಮ್ಮ ಕಡೆಯವರು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ. ಎಲ್ಲಾ ಬರುವವರಿಗೆ ತರಬೇತಿ ಯಾಕೆ, ಅಲ್ವಾ?

ಪಟ್ಟಿ ಮಾಡುವಾಗ ವೀಸಾ ಮೊದಲು ನೋಡಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು, ಅಲ್ಲಿ ವಿಎ ಅನ್ನುತ್ತಾರೆ, ಬಹಳ ದೊಡ್ಡ ಸಂಖ್ಯೆಯಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತವೆ, ಆದರೆ ಅಮೆರಿಕದ ಪೌರತ್ವ ಇಲ್ಲದವರಿಗೆ ಅಲ್ಲಿ ಜಾಗ ಇಲ್ಲ. ಅದರಲ್ಲಿ ಹಟ ಬೇಡ. ಯೂನಿವರ್ಸಿಟಿ ಕೌನ್ಸೆಲಿಂಗ್ ಸೆಂಟರ್, ಮಕ್ಕಳ ಆಸ್ಪತ್ರೆ, ಮೆಡಿಕಲ್ ಕಾಲೇಜು, ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಎಫ್-1 ನವರನ್ನು ತೆಗೆದುಕೊಳ್ಳುವವರು ಸಿಗುತ್ತಾರೆ. ಬ್ರೋಷರ್‌ನಲ್ಲಿ ಸ್ಪಷ್ಟ ಇಲ್ಲದಿದ್ದರೆ ಒಂದು ಸಾಲಿನ ಮೇಲ್ ಹಾಕಿ ಕೇಳಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಇದೆಯಾ ಅಂತಲೂ ನೋಡಿ, ಮುಂದೆ ಲೈಸೆನ್ಸಿಗೂ ಕೆಲಸಕ್ಕೂ ಅದು ಬೇಕಾಗುತ್ತದೆ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಇಂಟರ್ನ್‌ಶಿಪ್ ಸಾಮಾನ್ಯವಾಗಿ ಸಿಪಿಟಿ ಮೇಲೆ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡಲು ಎಫ್-1 ನವರಿಗೆ ಸಿಗುವ ಅನುಮತಿಯ ಮೇಲೆ ನಡೆಯುತ್ತದೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಅದೇ ಡಿಗ್ರಿಯ ಮೇಲಿನ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ, ಹೋಗಿಬಿಡುತ್ತದೆ. ಒಪಿಟಿ ಇಲ್ಲದಿದ್ದರೆ ಮುಂದೆ ಪೋಸ್ಟ್‌ಡಾಕ್ (ಡಾಕ್ಟರೇಟ್ ನಂತರದ ತರಬೇತಿ) ಮಾಡುವುದು ಹೇಗೆ? ತಾರೀಕುಗಳನ್ನು ಹೇಗೆ ಹೊಂದಿಸಬೇಕು ಅಂತ ನಿಮ್ಮ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಲ್ಲ.

ಪ್ರಶ್ನೆ: ಅರ್ಜಿಯಲ್ಲಿ ನಮ್ಮ ಬಗ್ಗೆ ಒಂದು ಪ್ರಬಂಧ ಬರೆಯಬೇಕು. 2015ರಲ್ಲಿ ನಮ್ಮ ಚಿಕ್ಕಪ್ಪ ಆತ್ಮಹತ್ಯೆ ಮಾಡಿಕೊಂಡರು. ಕಬ್ಬು ಬೆಳೆಯುತ್ತಿದ್ದರು, ಸಾಲ ಇತ್ತು. ನಾನು ಈ ಓದಿಗೆ ಬರಲು ಅದೂ ಒಂದು ಕಾರಣ. ಬರಿ, ಎದ್ದು ಕಾಣುತ್ತೆ ಅಂತ ಗೆಳತಿ ಹೇಳುತ್ತಾಳೆ. ಅಮ್ಮ ಬೇಡ ಅನ್ನುತ್ತಾರೆ.
(ಮದ್ದೂರು ತಾಲ್ಲೂಕು)

ಉತ್ತರ: ಆ ವರ್ಷ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಏನು ನಡೆಯಿತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಆಗಿದ್ದಕ್ಕೆ ಬೇಸರವಾಯಿತು.

ಎದ್ದು ಕಾಣುವುದಕ್ಕೆ ಬರೆಯುವುದಾದರೆ ಬರೆಯಬೇಡಿ. ಇದನ್ನು ಬಿಟ್ಟರೆ ನಿಮ್ಮ ಕೆಲಸದ ರೀತಿ ಅರ್ಥವೇ ಆಗುವುದಿಲ್ಲ ಅನ್ನುವ ಹಾಗಿದ್ದರೆ ಬರೆಯಿರಿ. 500 ಪದಗಳಲ್ಲಿ ಚಿಕ್ಕಪ್ಪನಿಗೆ ಎರಡು ವಾಕ್ಯ ಸಾಕು. ಉಳಿದದ್ದು ನಿಮ್ಮ ಬಗ್ಗೆ ಇರಲಿ. ಹೊಸಬರು ಬಂದಾಗ ನಿದ್ದೆ, ಊಟ ಕೇಳುವ ಜೊತೆಗೆ ಸಾಲ, ಕೆಲಸದ ಬಗ್ಗೆಯೂ ಕೇಳುವ ಅಭ್ಯಾಸ ನಿಮಗೆ ಅಲ್ಲಿಂದ ಬಂತಾ? ಹಳ್ಳಿ ಕಡೆಯ ಕ್ಲಿನಿಕ್ಕೊಂದನ್ನು ಬೇಕೆಂದೇ ಆರಿಸಿಕೊಂಡಿರಾ? ಸಮಿತಿಗೆ ಬೇಕಾಗಿರುವುದು ಅದು. ಅಲ್ಲಿ ಓದುವವರೆಲ್ಲ ಸೈಕಾಲಜಿಸ್ಟರು ಅನ್ನುವುದು ನೆನಪಿರಲಿ. ಹೇಗೆ ತೀರಿಕೊಂಡರು ಅನ್ನುವ ವಿವರ ಹಾಕಿದರೆ, ಸಾಲವೊಂದೇ ಕಾರಣ ಅಂತ ಬರೆದರೆ, ಈ ವಿಷಯವನ್ನು ಹೇಗೆ ಮಾತಾಡಬೇಕು ಅಂತ ಇವರಿಗೆ ಇನ್ನೂ ಕಲಿಸಿಲ್ಲ ಅಂದುಕೊಳ್ಳುತ್ತಾರೆ.

ಒಂದು ಪರೀಕ್ಷೆ ಮಾಡಿ. ಗುರುತಿಲ್ಲದ ಮೂವರು ಸ್ಕ್ರೀನ್ ಮೇಲೆ ಕೂತು 'ನಿಮ್ಮ ಚಿಕ್ಕಪ್ಪನ ಬಗ್ಗೆ ಬರೆದಿದ್ದೀರಿ, ಸ್ವಲ್ಪ ಹೇಳಿ' ಅಂದರೆ ಸಮಾಧಾನವಾಗಿ ಹೇಳಿ ಮುಂದಿನ ಪ್ರಶ್ನೆಗೆ ಹೋಗಬಲ್ಲಿರಾ? ಬರೆದ ಮೇಲೆ ಕೇಳಿಯೇ ಕೇಳುತ್ತಾರೆ. ಗಂಟಲು ಕಟ್ಟುತ್ತದೆ ಅನ್ನುವುದಾದರೆ ಈ ವರ್ಷ ಬೇಡ. ಅದು ಸೋಲಲ್ಲ. ಅಮ್ಮನ ಜೊತೆಗೆ ಚಿಕ್ಕಮ್ಮನನ್ನೂ ಒಂದು ಮಾತು ಕೇಳಿ, ಕಥೆ ಅವರದೂ ಹೌದು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇಂಥದ್ದೇ ಸಂಕಟ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಬಂಧದ ಪ್ರಶ್ನೆಗಳನ್ನು ಆ ವರ್ಷದ ಫಾರಂ ನೋಡಿಯೇ ಬರೆಯಿರಿ, ಸೀನಿಯರ್ ಕೊಟ್ಟ ಹಳೇ ಫೈಲ್ ನೋಡಿ ಅಲ್ಲ. ಮತ್ತೆ ದಯವಿಟ್ಟು, 'ಚಿಕ್ಕಂದಿನಿಂದಲೂ ಜನರಿಗೆ ಸಹಾಯ ಮಾಡುವ ಆಸೆ' ಬೇಡ.

ಪ್ರಶ್ನೆ: ಹೋದ ಸಲ ನನಗೆ ಮ್ಯಾಚ್ ಆಗಲಿಲ್ಲ. ದೊಡ್ಡ ಹೆಸರಿನ ಆಸ್ಪತ್ರೆಯನ್ನು ಮೊದಲು ಹಾಕಿದ್ದೆ. ನನ್ನನ್ನು ತುಂಬಾ ಇಷ್ಟಪಟ್ಟ ಸಣ್ಣ ಸೈಟನ್ನೇ ಮೇಲೆ ಹಾಕಬೇಕಿತ್ತಾ?
(ವಿಜಯನಗರ, ಮೈಸೂರು)

ಉತ್ತರ: ಇಲ್ಲ. ಮೇಲೆ ಹಾಕಿದ್ದರೂ ಅದರಿಂದ ಸೀಟು ಸಿಗುತ್ತಿರಲಿಲ್ಲ. ಸಿಇಟಿ ಆದ ಮೇಲೆ ಕೆಇಎ ಆಪ್ಷನ್ ಎಂಟ್ರಿ ಮಾಡಿದ್ದು ನೆನಪಿದೆಯಾ? ಬೇಕಾದ ಕಾಲೇಜು ಮೊದಲು, ಆಮೇಲೆ ಉಳಿದದ್ದು. ಇಲ್ಲೂ ಹಾಗೇ. ಒಂದೇ ವ್ಯತ್ಯಾಸ, ಸಿಇಟಿಯಲ್ಲಿ ಎಲ್ಲ ಕಾಲೇಜಿಗೂ ಒಂದೇ ರ‍್ಯಾಂಕ್ ಪಟ್ಟಿ, ಇಲ್ಲಿ ಪ್ರತಿ ಸೈಟೂ ತನ್ನದೇ ಪಟ್ಟಿ ಮಾಡುತ್ತದೆ. ಕಂಪ್ಯೂಟರ್ ನಿಮ್ಮ ಮೊದಲ ಆಯ್ಕೆಯಿಂದ ಶುರು ಮಾಡುತ್ತದೆ, ಅಲ್ಲಿ ಆಗದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಮೇಲೆ ದೊಡ್ಡ ಹೆಸರು ಹಾಕಿದ್ದಕ್ಕೆ ಕೆಳಗಿನವರು ನಿಮ್ಮನ್ನು ಕೈಬಿಡುವುದಿಲ್ಲ, ಅವರಿಗೆ ನಿಮ್ಮ ಪಟ್ಟಿ ಕಾಣುವುದೇ ಇಲ್ಲ. 1999ರಿಂದ ಹೀಗೇ ನಡೆಯುತ್ತಿದೆ. ಇಂಥ ಹೊಂದಾಣಿಕೆಯ ಲೆಕ್ಕಕ್ಕೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶೇಪ್ಲಿ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು.

ತುಂಬಾ ಇಷ್ಟಪಟ್ಟರು ಅನ್ನುವುದನ್ನೂ ನೆಚ್ಚಬೇಡಿ. ಸಂದರ್ಶನದಲ್ಲಿ ಎಲ್ಲರೂ ನಗುತ್ತಲೇ ಮಾತಾಡುತ್ತಾರೆ. ನಮ್ಮನ್ನು ಎಷ್ಟನೆಯದಾಗಿ ಹಾಕುತ್ತೀರಿ ಅಂತ ಅವರು ಕೇಳುವ ಹಾಗಿಲ್ಲ, ನೀವು ಹೇಳುವ ಹಾಗೂ ಇಲ್ಲ, ಅದು ನಿಯಮ. ಹೋಗಲು ಸಾಧ್ಯವೇ ಇಲ್ಲದ ಕಡೆಯನ್ನು ಮಾತ್ರ ಪಟ್ಟಿಯಲ್ಲಿ ಹಾಕಬೇಡಿ, ಯಾಕೆಂದರೆ ಫಲಿತಾಂಶ ಬಂದ ಮೇಲೆ ಬೇಡ ಅನ್ನುವ ಹಾಗಿಲ್ಲ.

ಮ್ಯಾಚಿಗೆ ಹೆಸರು ನೋಂದಾಯಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ. ಎರಡೂ ಮಾಡಬೇಕು. ಫೆಬ್ರವರಿಯಲ್ಲಿ ಪಟ್ಟಿ ಟೈಪ್ ಮಾಡಿ ಸೇವ್ ಮಾಡಿದರೆ ಮುಗಿಯಲಿಲ್ಲ, ಸರ್ಟಿಫೈ ಬಟನ್ ಒತ್ತಬೇಕು. ಆ ಹೊತ್ತಿಗೆ ಮೈಸೂರಿನಲ್ಲಿದ್ದರೆ ಗಡುವು ಅಲ್ಲಿಯ ಗಡಿಯಾರದ ಪ್ರಕಾರ ಅನ್ನುವುದನ್ನು ನೋಡಿಕೊಂಡು ಹಿಂದಿನ ದಿನವೇ ಒತ್ತಿಬಿಡಿ.