ಪ್ರಯೋಗದ ಔಷಧಿಗೆ 40 ಲಕ್ಷ ಕೊಡಬೇಕೇ?

ಓದುಗರ ಪತ್ರ:

“ನನ್ನ ಅಣ್ಣನಿಗೆ 51 ವರ್ಷ. ಮೆದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಗಡ್ಡೆ, ಗ್ರೇಡ್ 4. ಆಪರೇಷನ್ ಆಗಿದೆ. ಈಗ ಕರೆಂಟ್ (ರೇಡಿಯೇಷನ್) ಕೊಡುತ್ತಿದ್ದಾರೆ, ಜೊತೆಗೆ ಕೀಮೋ ಮಾತ್ರೆ. ಏಜೆಂಟ್ ಒಬ್ಬರು ವಿದೇಶದ ‘ಡೆಂಡ್ರಿಟಿಕ್ ಸೆಲ್ ಲಸಿಕೆ’ ಕೊಡಿಸುತ್ತೇವೆ, 40 ಲಕ್ಷ ಆಗುತ್ತದೆ ಎನ್ನುತ್ತಿದ್ದಾರೆ. ಅತ್ತಿಗೆ ಅಡಿಕೆ ತೋಟ ಮಾರಲು ತಯಾರಾಗಿದ್ದಾರೆ. ಜಂತುಹುಳದ ಮಾತ್ರೆಯಿಂದಲೇ ಈ ಗಡ್ಡೆ ಕರಗುತ್ತದೆ ಅಂತ ನೆಂಟರೊಬ್ಬರು ವಿಡಿಯೊ ಕಳಿಸಿದ್ದಾರೆ. ಡಾಕ್ಟರನ್ನು ಕೇಳಿದರೆ ‘ಸ್ಟ್ಯಾಂಡರ್ಡ್ ಚಿಕಿತ್ಸೆ ಮುಗಿಸೋಣ’ ಎನ್ನುತ್ತಾರೆ, ಅಷ್ಟೇ. ನಿಮ್ಮ ಪತ್ರಿಕೆಯಲ್ಲಿ ಹೊಸ ಔಷಧಿಗಳ ಸುದ್ದಿ ಹಾಕುತ್ತೀರಿ. ಅವು ನಮ್ಮಂಥವರಿಗೆ ಯಾಕೆ ಸಿಗುವುದಿಲ್ಲ? ನಾವೀಗ ಏನು ಮಾಡಬೇಕು?”
— ಶಿವಮೊಗ್ಗ ಜಿಲ್ಲೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಏಜೆಂಟರಿಗೆ ದುಡ್ಡು ಕೊಡಬೇಡಿ. ಅಡ್ವಾನ್ಸ್ ಕೂಡ ಬೇಡ. ತೋಟ ಮಾರುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಅತ್ತಿಗೆಯವರಿಗೂ ಓದಲು ಕೊಡಿ. ನಾನು ಡಾಕ್ಟರಲ್ಲ. ಅಣ್ಣನ ಚಿಕಿತ್ಸೆ ಹೇಗಿರಬೇಕು ಅಂತ ಹೇಳಲು ಹೋಗುವುದಿಲ್ಲ. ಆದರೆ ಈ ಔಷಧಿಗಳನ್ನು ಪರೀಕ್ಷೆ ಮಾಡಿದಾಗ ಏನಾಯಿತು ಅನ್ನುವುದು ಗುಟ್ಟಲ್ಲ, ಅಚ್ಚಾಗಿರುವ ವಿಷಯ.

ಡಾಕ್ಟರು ‘ಸ್ಟ್ಯಾಂಡರ್ಡ್’ ಅಂದದ್ದು ನಿಮಗೆ ಕೈಚೆಲ್ಲಿದ ಮಾತಿನಂತೆ ಕೇಳಿಸಿದೆ. ಅಣ್ಣ ಈಗ ನುಂಗುತ್ತಿರುವ ಮಾತ್ರೆ ಬಹುಶಃ ಟೆಮೊಜೋಲೊಮೈಡ್ ಇರಬೇಕು. ಚೀಟಿ ನೋಡಿ. ಅದೂ ಒಂದು ಕಾಲದಲ್ಲಿ ಪ್ರಯೋಗದ ಔಷಧಿಯೇ ಆಗಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ಅವರ ತಂಡ 1980ರ ದಶಕದಲ್ಲಿ ಅದನ್ನು ತಯಾರಿಸಿತು. 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 573 ರೋಗಿಗಳಿದ್ದರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಬರೀ ಕರೆಂಟ್, ಇನ್ನೊಂದಕ್ಕೆ ಕರೆಂಟ್ ಜೊತೆ ಈ ಮಾತ್ರೆ ಕೊಟ್ಟರು. ಬರೀ ಕರೆಂಟ್ ಗುಂಪಿನಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದರು. ಮಾತ್ರೆ ಸೇರಿದ ಗುಂಪಿನಲ್ಲಿ 14.6 ತಿಂಗಳು.

ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಎರಡೂವರೆ ತಿಂಗಳು! ಆದರೆ ಎರಡು ವರ್ಷದ ಲೆಕ್ಕ ನೋಡಿ. ಬರೀ ಕರೆಂಟ್ ಗುಂಪಿನಲ್ಲಿ ನೂರಕ್ಕೆ ಸುಮಾರು 10 ಮಂದಿ ಉಳಿದಿದ್ದರೆ, ಮಾತ್ರೆಯ ಗುಂಪಿನಲ್ಲಿ 26 ಮಂದಿ. ಐದು ವರ್ಷಕ್ಕೆ ಅದು ಸುಮಾರು 2 ಮತ್ತು 10. ಈ ಕಾಯಿಲೆಯಲ್ಲಿ ಅದು ಸಣ್ಣ ವಿಷಯವಲ್ಲ. ಆಮೇಲೆ ಎಷ್ಟೋ ಔಷಧಿಗಳು ಇದನ್ನು ಮೀರಿಸಲು ಹೊರಟು ಸೋತಿವೆ. ಹಾಗಾಗಿ ಡಾಕ್ಟರ ಮಾತಿನಲ್ಲಿ ಉದಾಸೀನ ಇಲ್ಲ. ಅದನ್ನು ಇನ್ನೂ ನಾಲ್ಕು ವಾಕ್ಯ ಬಿಡಿಸಿ ಹೇಳಬಹುದಿತ್ತು ಅನ್ನುವುದು ಬೇರೆ ಮಾತು.

ಈಗ ಲಸಿಕೆಯ ವಿಷಯ. ಮೊದಲು ಬೇರೊಂದು ಲಸಿಕೆಯ ಕತೆ ಹೇಳಬೇಕು. ಈ ಕಾಯಿಲೆಯ ಬಗ್ಗೆ ಯಾರಾದರೂ ‘ಪವಾಡ’ ಅಂದಾಗಲೆಲ್ಲ ನನಗೆ ನೆನಪಾಗುವುದು ಅದೇ. ಅದರ ಹೆಸರು ರಿಂಡೊಪೆಪಿಮಟ್. ಕೆಲವರ ಗಡ್ಡೆಯ ಜೀವಕೋಶಗಳ ಮೇಲೆ ಮಾತ್ರ ಕಾಣುವ ಒಂದು ಪ್ರೋಟೀನ್ ಇದೆ. ದೇಹದ ರೋಗನಿರೋಧಕ ಶಕ್ತಿಗೆ ಅದರ ಗುರುತು ಹಿಡಿಸಿ, ಅದರ ಮೇಲೆ ಎತ್ತಿಕಟ್ಟುವ ಲಸಿಕೆ ಇದು. ಮೊದಲು 65 ರೋಗಿಗಳಿಗೆ ಕೊಟ್ಟರು. ಎಲ್ಲರಿಗೂ ಲಸಿಕೆಯೇ, ಹೋಲಿಸಲು ಬೇರೆ ಗುಂಪು ಇರಲಿಲ್ಲ. ಅರ್ಧದಷ್ಟು ಜನ 21.8 ತಿಂಗಳು ದಾಟಿದರು. ಹಳೆಯ ದಾಖಲೆಗಳ ಪಕ್ಕ ಇಟ್ಟು ನೋಡಿದರೆ ಬಹಳ ಜಾಸ್ತಿ. ಎಲ್ಲರಿಗೂ ಖುಷಿಯಾಯಿತು.

ಆಮೇಲೆ 22 ದೇಶಗಳಲ್ಲಿ 745 ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಈ ಸಲ ಎರಡು ಗುಂಪು. ಎಲ್ಲರಿಗೂ ಟೆಮೊಜೋಲೊಮೈಡ್ ಇತ್ತು. ಒಂದು ಗುಂಪಿಗೆ ಅದರ ಜೊತೆ ಲಸಿಕೆ, ಇನ್ನೊಂದಕ್ಕೆ ಲಸಿಕೆಯ ಮುಖ್ಯ ಅಂಶವಿಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆಪರೇಷನ್‌ನಲ್ಲಿ ಗಡ್ಡೆ ಬಹುಪಾಲು ಹೋಗಿದ್ದವರ ಫಲಿತಾಂಶ ಹೀಗಿತ್ತು: ಲಸಿಕೆ ಪಡೆದವರು 20.1 ತಿಂಗಳು, ಪಡೆಯದವರು 20.0 ತಿಂಗಳು. 2016ರಲ್ಲಿ ಪರೀಕ್ಷೆ ನಿಲ್ಲಿಸಿದರು.

ಮೊದಲ ಸಲ ಕಂಡ ಲಾಭ ಎಲ್ಲಿಂದ ಬಂತು? ರೋಗಿಗಳ ಆಯ್ಕೆಯಿಂದ. ಇಂಥ ಪರೀಕ್ಷೆಗೆ ಸೇರುವವರು ಆಪರೇಷನ್ ಚೆನ್ನಾಗಿ ಆದವರು, ಕರೆಂಟ್ ಮುಗಿಯುವವರೆಗೂ ಗಡ್ಡೆ ಮತ್ತೆ ಬೆಳೆಯದವರು, ಎದ್ದು ಓಡಾಡುವವರು. ಔಷಧಿ ಇರಲಿ ಬಿಡಲಿ, ಅವರು ಉಳಿದವರಿಗಿಂತ ಜಾಸ್ತಿ ದಿನ ಬದುಕುತ್ತಾರೆ. ಫಸ್ಟ್ ಕ್ಲಾಸ್ ಮಕ್ಕಳನ್ನೇ ಆರಿಸಿ ಸೇರಿಸಿಕೊಂಡು, ರಿಸಲ್ಟ್ ಬಂದ ಮೇಲೆ ‘ನಮ್ಮ ಟ್ಯೂಷನ್ ಹೇಗಿದೆ ನೋಡಿ’ ಅಂದರೆ ನಾವು ನಂಬುತ್ತೇವಾ? ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಕಾಣಲಿಲ್ಲ.

ಏಜೆಂಟರು ಹೇಳುವ ಡೆಂಡ್ರಿಟಿಕ್ ಸೆಲ್ ಲಸಿಕೆಗೂ ಇದೇ ತೊಡಕು. ರೋಗಿಯ ರಕ್ತದಿಂದ ಕೆಲವು ಜೀವಕೋಶ ತೆಗೆದು, ಅವರದೇ ಗಡ್ಡೆಯ ಅಂಶಕ್ಕೆ ಒಡ್ಡಿ, ಮತ್ತೆ ಚುಚ್ಚುತ್ತಾರೆ. ಇವುಗಳಲ್ಲಿ ಹೆಚ್ಚು ಹೆಸರಾದ ಲಸಿಕೆಯ ಪರೀಕ್ಷೆ 331 ರೋಗಿಗಳ ಮೇಲೆ ನಡೆಯಿತು. 2022ರಲ್ಲಿ ವರದಿ ಬಂತು: ಹೊಸ ರೋಗಿಗಳಲ್ಲಿ ಲಸಿಕೆ ಪಡೆದವರಿಗೆ 19.3 ತಿಂಗಳು, ಪಡೆಯದವರಿಗೆ 16.5. ಆದರೆ ಆ ‘ಪಡೆಯದವರು’ ಅದೇ ಪರೀಕ್ಷೆಯವರಲ್ಲ. ಅಲ್ಲಿ ಗಡ್ಡೆ ಮರಳಿದ ಮೇಲೆ ಇನ್ನೊಂದು ಗುಂಪಿನವರಿಗೂ ಲಸಿಕೆ ಕೊಟ್ಟರು. ಹಾಗಾಗಿ ಬೇರೆ ಪರೀಕ್ಷೆಗಳ ರೋಗಿಗಳ ಲೆಕ್ಕ ತಂದು ಹೋಲಿಸಿದರು. ತಜ್ಞರ ತಕರಾರು ಇರುವುದೇ ಇಲ್ಲಿ. ಲಸಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ತೋಟ ಮಾರಿ ಕೊಳ್ಳುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ. ಅಲ್ಲದೆ ಏಜೆಂಟರ ಲಸಿಕೆ ಇದೇನಾ, ಬೇರೆ ಯಾವುದೋ ಲ್ಯಾಬಿನದ್ದಾ? ಅದನ್ನೂ ಅವರು ನಿಮಗೆ ಹೇಳಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಬೇರೆ ಕ್ಯಾನ್ಸರ್‌ಗಳಲ್ಲಿ ದೊಡ್ಡ ಹೆಸರು ಮಾಡಿದ ನಿವೊಲುಮ್ಯಾಬ್ ಎಂಬ ಔಷಧಿ, ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾದಲ್ಲಿ ಬೆವಾಸಿಜುಮ್ಯಾಬ್ ಎಂಬ ಇನ್ನೊಂದು ಔಷಧಿಗಿಂತ ಮೇಲೆ ಬರಲಿಲ್ಲ: 9.8 ತಿಂಗಳು, ಅದಕ್ಕೆ ಎದುರು 10.0. ಬೆವಾಸಿಜುಮ್ಯಾಬ್ ಊತ ಇಳಿಸುತ್ತದೆ, ಎಂಆರ್‌ಐ ಚೆನ್ನಾಗಿ ಕಾಣಿಸುತ್ತದೆ. ಆದರೆ ಹೊಸ ರೋಗಿಗಳಲ್ಲಿ ಆಯಸ್ಸು ಹೆಚ್ಚಿಸಲಿಲ್ಲ ಅಂತ 2014ರ ಎರಡು ದೊಡ್ಡ ಪರೀಕ್ಷೆಗಳು ತೋರಿಸಿದವು. ಕಾರ್-ಟಿ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ರೋಗಿಯದೇ ರೋಗನಿರೋಧಕ ಜೀವಕೋಶಗಳನ್ನು ಲ್ಯಾಬಿನಲ್ಲಿ ಬದಲಿಸಿ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ ಅದು. 2024ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಮೂರು ರೋಗಿಗಳ ವರದಿ ಕೊಟ್ಟಿತು. ಒಬ್ಬರಲ್ಲಿ ಗಡ್ಡೆ ಐದೇ ದಿನದಲ್ಲಿ ಹೆಚ್ಚುಕಮ್ಮಿ ಮಾಯ! ಆದರೆ ಮೂವರಲ್ಲಿ ಇಬ್ಬರಿಗೆ ಬೇಗನೆ ಮರಳಿತು. ವಿಜ್ಞಾನಿಗಳಿಗೆ ಅದು ಒಳ್ಳೆಯ ಸುದ್ದಿಯೇ. ಕೊಳ್ಳಬಹುದಾದ ಚಿಕಿತ್ಸೆ ಇನ್ನೂ ಆಗಿಲ್ಲ. ನಮ್ಮ ದೇಶದಲ್ಲೇ ತಯಾರಾಗಿ 2023ರಲ್ಲಿ ಅನುಮತಿ ಪಡೆದ ಕಾರ್-ಟಿ ರಕ್ತದ ಕ್ಯಾನ್ಸರ್‌ಗೆ. ಮೆದುಳಿನ ಗಡ್ಡೆಗೆ ಅಲ್ಲ. ಈ ಎರಡನ್ನೂ ಕಲಸಿ ಹೇಳುವವರು ಇದ್ದಾರೆ, ಹುಷಾರು.

ಜಂತುಹುಳದ ಮಾತ್ರೆಗೆ ಬರೋಣ. ವಿಡಿಯೊದಲ್ಲಿ ಹೇಳಿದ್ದು ಬಹುಶಃ ಮೆಬೆಂಡಜೋಲ್ ಇರಬೇಕು. ಅದನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ನಿಜವಾಗಿಯೂ ಪರೀಕ್ಷೆ ಮಾಡಿದೆ. ಗಡ್ಡೆ ಮರಳಿ ಬಂದ 88 ರೋಗಿಗಳಿಗೆ ಕೀಮೋ ಜೊತೆ ಕೊಟ್ಟು ನೋಡಿದರು. ಒಂಬತ್ತು ತಿಂಗಳ ಹೊತ್ತಿಗೆ ನೂರಕ್ಕೆ 55 ಮಂದಿಯಾದರೂ ಇದ್ದರೆ ಮುಂದುವರಿಸೋಣ ಅಂತ ಮೊದಲೇ ಗುರಿ ಇಟ್ಟುಕೊಂಡಿದ್ದರು. ಅದು ಮುಟ್ಟಲಿಲ್ಲ. 2022ರಲ್ಲಿ ಹಾಗೆಯೇ ಪ್ರಕಟಿಸಿದರು. ಸೋತದ್ದನ್ನೂ ಅಚ್ಚು ಹಾಕಿಸುವ ಇಂಥ ಡಾಕ್ಟರುಗಳ ಮೇಲೆ ನನಗೆ ಗೌರವ ಜಾಸ್ತಿ.

ಹಾಗಾದರೆ ವಿಡಿಯೊದವರು ಗುಣವಾದೆ ಅಂತ ಹೇಳುವುದು ಸುಳ್ಳಾ? ಸುಳ್ಳೇ ಇರಬೇಕಾಗಿಲ್ಲ. ಊತ ಇಳಿಸಲು ಹೆಚ್ಚಿನವರಿಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಎರಡು ಮೂರು ದಿನದಲ್ಲಿ ತಲೆನೋವು ಇಳಿಯುತ್ತದೆ, ತೊದಲುತ್ತಿದ್ದವರು ಸರಿಯಾಗಿ ಮಾತಾಡುತ್ತಾರೆ. ಅದೇ ವಾರ ಬೇರೆ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ! ಇನ್ನೊಂದು, ಕರೆಂಟ್ ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ತೆಗೆದರೆ ಕೆಲವರಿಗೆ ಗಡ್ಡೆ ಬೆಳೆದಂತೆ ಕಾಣುತ್ತದೆ. ಎಷ್ಟೋ ಸಲ ಅದು ಚಿಕಿತ್ಸೆಯದೇ ಊತ, ತಾನಾಗಿ ಇಳಿಯುತ್ತದೆ. ಆ ಭಯದಲ್ಲಿ ಶುರು ಮಾಡಿದ ಔಷಧಿಯೇ ಇಳಿಸಿತು ಅಂತ ಮನೆಯವರು ನಂಬುತ್ತಾರೆ. ನಿಮಗೂ ಅಂಥ ರಿಪೋರ್ಟ್ ಬಂದರೆ ಏಜೆಂಟರಿಗೆ ಫೋನ್ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಡಾಕ್ಟರಿಗೆ ಹೇಳದೆ ಯಾವ ಮಾತ್ರೆಯನ್ನೂ ಸೇರಿಸಬೇಡಿ, ಸ್ಟೀರಾಯ್ಡ್ ಅನ್ನಂತೂ ತಟ್ಟನೆ ನಿಲ್ಲಿಸಲೇಬಾರದು.

ಗೆದ್ದವು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಐಡಿಎಚ್ ಎಂಬ ಜೀನ್ ಬದಲಾಗಿರುವ ಗ್ರೇಡ್ 2 ಗಡ್ಡೆಗಳಿಗೆ ವೊರಾಸಿಡೆನಿಬ್ ಮಾತ್ರೆ ಬಂದಿದೆ. ಗಡ್ಡೆ ಮತ್ತೆ ಬೆಳೆಯುವವರೆಗಿನ ಕಾಲ 11.1 ತಿಂಗಳಿಂದ 27.7ಕ್ಕೆ ಹೋಯಿತು. ಅಮೆರಿಕ 2024ರ ಆಗಸ್ಟ್‌ನಲ್ಲಿ ಅನುಮತಿ ಕೊಟ್ಟಿತು. ಎಚ್3 ಕೆ27ಎಂ ಎಂಬ ಬದಲಾವಣೆ ಇರುವ, ಹೆಚ್ಚಾಗಿ ಮಕ್ಕಳಿಗೆ ಮತ್ತು ಯುವಕರಿಗೆ ಬರುವ ಗಡ್ಡೆಗೆ ಡೋರ್ಡಾವಿಪ್ರೋನ್ ಇದೆ. 50 ರೋಗಿಗಳಲ್ಲಿ 11 ಮಂದಿಗೆ ಗಡ್ಡೆ ಕುಗ್ಗಿತು ಅನ್ನುವ ಆಧಾರದ ಮೇಲೆ 2025ರಲ್ಲಿ ಅಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಎರಡೂ ಅಣ್ಣನ ಗಡ್ಡೆಗೆ ಹೊಂದುವ ಸಾಧ್ಯತೆ ಕಮ್ಮಿ. ಆದರೂ ಹೇಳಿದೆ, ಯಾಕೆಂದರೆ ಈಗ ಔಷಧಿ ಬರುತ್ತಿರುವುದು ‘ಮೆದುಳು ಗಡ್ಡೆ’ಗೆ ಅಲ್ಲ, ಅದರೊಳಗಿನ ಒಂದೊಂದು ಜಾತಿಗೆ. ಬಯಾಪ್ಸಿ ರಿಪೋರ್ಟ್‌ನಲ್ಲಿ ಐಡಿಎಚ್ ಮತ್ತು ಎಂಜಿಎಂಟಿ ಎಂಬ ಇನ್ನೊಂದು ಜೀನ್ ಬಗ್ಗೆ ಬರೆದಿದೆಯಾ ನೋಡಿ. ಟೆಮೊಜೋಲೊಮೈಡ್ ಎಷ್ಟು ಕೆಲಸ ಮಾಡಬಹುದು ಅನ್ನುವ ಅಂದಾಜು ಎಂಜಿಎಂಟಿಯಿಂದ ಸಿಗುತ್ತದೆ.

ನಮ್ಮಂಥವರಿಗೆ ಯಾಕೆ ಸಿಗುವುದಿಲ್ಲ ಅಂದಿರಿ. ಕೋಪ ಅರ್ಥವಾಗುತ್ತದೆ. ಹೊಸ ಔಷಧಿಗಳ ಪರೀಕ್ಷೆ ಹೆಚ್ಚಾಗಿ ಶ್ರೀಮಂತ ದೇಶಗಳಲ್ಲಿ ನಡೆಯುತ್ತದೆ, ಅದು ಅನ್ಯಾಯವೇ. ಆದರೆ ಪ್ರಯೋಗದ ಔಷಧಿಗೆ ಸರಿಯಾದ ದಾರಿ ನಮ್ಮಲ್ಲೂ ಇದೆ, ಮತ್ತು ಆ ದಾರಿಯಲ್ಲಿ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಭಾರತದಲ್ಲಿ ನಡೆಯುವ ಔಷಧಿ ಪರೀಕ್ಷೆಗಳೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಇರಲೇಬೇಕು, 2009ರಿಂದ ಅದು ಕಡ್ಡಾಯ. 2019ರ ನಿಯಮಗಳ ಪ್ರಕಾರ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ‘ಇದು ಪ್ರಯೋಗದ ಔಷಧಿ ಅಂದಿರಲ್ಲ, ನೋಂದಣಿ ಸಂಖ್ಯೆ ಕೊಡಿ.’ ಸಂಖ್ಯೆ ಕೊಟ್ಟರೆ ಡಾಕ್ಟರಿಗೆ ತೋರಿಸಿ. ಕೊಡದಿದ್ದರೆ ಅವರು ಮಾರುತ್ತಿರುವುದು ಪ್ರಯೋಗ ಅಲ್ಲ.

ದುಡ್ಡು ಬೇಕಾಗುವ ಜಾಗ ಬೇರೆ ಇವೆ. ಓಡಾಟ, ಫಿಟ್ಸ್ ಮಾತ್ರೆ, ಫಿಸಿಯೋಥೆರಪಿ, ರಾತ್ರಿ ಜೊತೆಗೆ ಇರಲು ಒಬ್ಬರು. ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನೂ ಈಗಲೇ ಒಮ್ಮೆ ನೋಡಿ. ಕೊನೆಗಾಲಕ್ಕೆ ಮಾತ್ರ ಅವರು ಅನ್ನುವುದು ತಪ್ಪು ತಿಳುವಳಿಕೆ. ತಲೆನೋವು, ನಿದ್ದೆ, ಸಿಟ್ಟು ಎಲ್ಲಕ್ಕೂ ಅವರ ಹತ್ತಿರ ಔಷಧಿ ಇರುತ್ತದೆ. ಮತ್ತೆ, ಅಣ್ಣನಿಗೆ ಏನು ಬೇಕು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವರನ್ನೇ ಕೇಳಿದ್ದೀರಾ?

ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿಗೆ ಹೋಗಬಹುದು. ‘ಈ ಗಡ್ಡೆಗೆ ಈಗ ಯಾವುದಾದರೂ ಟ್ರಯಲ್ ಇದೆಯಾ’ ಅಂತ ಅಲ್ಲಿ ನೀವೇ ಬಾಯಿಬಿಟ್ಟು ಕೇಳಿ. ಕೆಲವು ಟ್ರಯಲ್‌ಗಳು ಹೊಸ ರೋಗಿಗಳಿಗೆ, ಕೆಲವು ಗಡ್ಡೆ ಮರಳಿದವರಿಗೆ. ಇದಕ್ಕಾಗಿ ಕರೆಂಟ್ ಮಾತ್ರ ನಡುವೆ ನಿಲ್ಲಿಸಬೇಡಿ. ಹೋಗುವಾಗ ಆಪರೇಷನ್ ಆದ ಆಸ್ಪತ್ರೆಯಿಂದ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿ ಇರಲಿ. ಎಂಆರ್‌ಐ ರಿಪೋರ್ಟಿನ ಹಾಳೆ ಸಾಲದು, ಆಪರೇಷನ್‌ಗೆ ಮೊದಲಿನದು ಮತ್ತು ಆಮೇಲಿನದು ಎರಡರ ಸಿಡಿಯೂ ಬೇಕು.