17ನೇ ವಾರದಿಂದ ಹಿಂದಕ್ಕೆ ಎಣಿಸಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಅಮೆರಿಕನ್ ಫುಟ್‌ಬಾಲಿನ ಫ್ಯಾಂಟಸಿ ಲೀಗ್ ಬಗ್ಗೆ. ಗೆಳೆಯರ 12 ತಂಡಗಳ ಲೀಗೊಂದನ್ನು ನಾನು 11 ವರ್ಷದಿಂದ ನಡೆಸುತ್ತಿದ್ದೇನೆ. ಹಾಗಾಗಿ ಈ ಪತ್ರಗಳನ್ನು ಓದುವಾಗ ನನ್ನದೇ ಹಳೇ ತಲೆನೋವುಗಳು ನೆನಪಾದವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ನಿಜವಾದ ಆಟಗಾರರನ್ನು ನಾವು ಸರದಿಯ ಪ್ರಕಾರ ಆರಿಸಿ ನಮ್ಮ ನಮ್ಮ ತಂಡ ಕಟ್ಟುತ್ತೇವೆ. ಈ ಆಯ್ಕೆಗೆ ‘ಡ್ರಾಫ್ಟ್’ ಅನ್ನುತ್ತಾರೆ. ಅವರು ಮೈದಾನದಲ್ಲಿ ಓಡಿದ ಗಜ, ಹೊಡೆದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದು) ಎಲ್ಲ ನಮಗೆ ಅಂಕ. ಪ್ರತಿ ವಾರ ಒಬ್ಬರ ತಂಡದ ಎದುರು ಇನ್ನೊಬ್ಬರ ತಂಡ. ಜಾಸ್ತಿ ಅಂಕ ಬಂದವರು ಆ ವಾರ ಗೆದ್ದ ಹಾಗೆ.

ಪ್ರಶ್ನೆ: ನಾವು 12 ಜನ ಸೇರಿ ಲೀಗ್ ಶುರು ಮಾಡುತ್ತಿದ್ದೇವೆ. ಎಲ್ಲರೂ ಸೇರಿ ನನ್ನನ್ನೇ ಕಮಿಷನರ್ ಮಾಡಿದ್ದಾರೆ. ಇಡೀ ವರ್ಷದ ಸೀಸನ್ ಹೇಗೆ ಜೋಡಿಸಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊನೆಯಿಂದ ಶುರು ಮಾಡಿ. ಒಂದು ಖಾಲಿ ಹಾಳೆ ತಗೊಳ್ಳಿ. ಕೆಳತುದಿಯಲ್ಲಿ ‘ಫೈನಲ್, 17ನೇ ವಾರ’ ಅಂತ ಬರೆಯಿರಿ. ಅಲ್ಲಿಂದ ಮೇಲಕ್ಕೆ ಎಣಿಸುತ್ತಾ ಬನ್ನಿ. ಡ್ರಾಫ್ಟಿನಿಂದ ಶುರು ಮಾಡಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಡಿಸೆಂಬರ್ ಬಂದಾಗ ವಾರಗಳೇ ಸಾಲಲಿಲ್ಲ.

2021ರಿಂದ ಎನ್‌ಎಫ್‌ಎಲ್ ಸೀಸನ್ 18 ವಾರ ನಡೆಯುತ್ತದೆ. ಒಂದೊಂದು ತಂಡಕ್ಕೆ 17 ಪಂದ್ಯ, ಒಂದು ವಾರ ರಜೆ. ಈ ರಜೆಗೆ ‘ಬೈ’ ಅನ್ನುತ್ತಾರೆ. ಹಾಗಾದರೆ ಫೈನಲ್ 18ನೇ ವಾರಕ್ಕೆ ಯಾಕೆ ಬೇಡ? ಅಷ್ಟು ಹೊತ್ತಿಗೆ ಎನ್‌ಎಫ್‌ಎಲ್‌ನ ಪ್ಲೇಆಫ್ (ನಾಕೌಟ್ ಸುತ್ತು) ಜಾಗ ಗಟ್ಟಿ ಮಾಡಿಕೊಂಡ ತಂಡಗಳು ಮುಖ್ಯ ಆಟಗಾರರನ್ನು ಕೂರಿಸಿಬಿಡುತ್ತವೆ. ನಾಲ್ಕು ತಿಂಗಳು ನಿಮ್ಮನ್ನು ಹೊತ್ತು ತಂದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಮುಖ್ಯ ಆಟಗಾರ) ಫೈನಲ್ ದಿನ ಟೋಪಿ ಹಾಕಿಕೊಂಡು ಅಂಚಿನಲ್ಲಿ ನಿಂತಿರುತ್ತಾನೆ. ಅದರಲ್ಲಿ ಗೆದ್ದರೂ ಸಮಾಧಾನ ಇರುವುದಿಲ್ಲ.

ಫೈನಲ್ 17ಕ್ಕೆ, ಸೆಮಿಫೈನಲ್ 16ಕ್ಕೆ, ಮೊದಲ ಸುತ್ತು 15ಕ್ಕೆ. 12ರಲ್ಲಿ 6 ತಂಡ ಪ್ಲೇಆಫ್‌ಗೆ ಬರಲಿ. ಮೊದಲ ಎರಡು ಸ್ಥಾನದವರಿಗೆ 15ನೇ ವಾರ ವಿಶ್ರಾಂತಿ. ಉಳಿದ ನಾಲ್ವರು ತಮ್ಮತಮ್ಮಲ್ಲಿ ಆಡುತ್ತಾರೆ. ಇನ್ನೊಂದು ಅನುಕೂಲವೂ ಇದೆ. ಎನ್‌ಎಫ್‌ಎಲ್ ತಂಡಗಳ ಬೈ ಸಾಮಾನ್ಯವಾಗಿ 14ನೇ ವಾರದೊಳಗೆ ಮುಗಿದಿರುತ್ತದೆ. 2022ರಲ್ಲಿ 14ನೇ ವಾರ ಒಂದರಲ್ಲೇ ಆರು ತಂಡಗಳಿಗೆ ರಜೆ ಇತ್ತು. ಒಂದು ವಾರ ಮುಂಚೆ ಪ್ಲೇಆಫ್ ಇಟ್ಟಿದ್ದರೆ ಎಷ್ಟೋ ಜನ ಅರ್ಧ ತಂಡ ಇಟ್ಟುಕೊಂಡು ಆಡಬೇಕಾಗುತ್ತಿತ್ತು.

ಇನ್ನು ಉಳಿದದ್ದು 14 ವಾರ. ನನಗೆ ತುಂಬಾ ಇಷ್ಟವಾದ ಲೆಕ್ಕ ಇರುವುದು ಇಲ್ಲೇ. 12 ತಂಡಗಳನ್ನು ನಾಲ್ಕು ನಾಲ್ಕರ ಮೂರು ಗುಂಪು ಮಾಡಿ. ಗುಂಪಿನೊಳಗಿನ ಮೂವರ ಜೊತೆ ಎರಡೆರಡು ಸಲ ಆಡಿದರೆ 6 ವಾರ. ಹೊರಗಿನ ಎಂಟು ಜನರ ಜೊತೆ ಒಂದೊಂದು ಸಲ ಆಡಿದರೆ 8 ವಾರ. ಒಟ್ಟು 14. ಒಂದು ವಾರ ಹೆಚ್ಚಿಲ್ಲ, ಒಂದು ವಾರ ಕಮ್ಮಿ ಇಲ್ಲ. 2021ಕ್ಕೆ ಮೊದಲು ನಮಗೆ 13 ವಾರ ಮಾತ್ರ ಸಿಗುತ್ತಿತ್ತು, ಒಂದು ಪಂದ್ಯ ಯಾವಾಗಲೂ ಹೊರಗೆ ಉಳಿಯುತ್ತಿತ್ತು. ಯಾರ ಪಂದ್ಯ ಬಿಡುವುದು ಅನ್ನುವುದೇ ದೊಡ್ಡ ಚರ್ಚೆ. ಎನ್‌ಎಫ್‌ಎಲ್ ಕೂಡ ಗುಂಪಿನೊಳಗೆ ಹೀಗೇ ಮಾಡುತ್ತದೆ. ಅದರ 32 ತಂಡಗಳು ನಾಲ್ಕು ನಾಲ್ಕರ ಎಂಟು ಗುಂಪುಗಳಲ್ಲಿವೆ. ಒಳಗಿನ ಎದುರಾಳಿಗಳ ಜೊತೆ ವರ್ಷಕ್ಕೆ ಎರಡು ಸಲ ಆಟ.

ಗೆಲುವು-ಸೋಲು ಸಮ ಆದಾಗ ಯಾರು ಮೇಲೆ ಅನ್ನುವುದನ್ನೂ ಈಗಲೇ ಬರೆದಿಡಿ. ಇಡೀ ಸೀಸನ್ನಿನ ಒಟ್ಟು ಅಂಕ ನೋಡಿ. ಅದರಷ್ಟು ನ್ಯಾಯವಾದದ್ದು ಬೇರೆ ಇಲ್ಲ.

ಹೀಗೆ ಬರೆದ ಹಾಳೆ ಡ್ರಾಫ್ಟಿಗೆ ಮೊದಲು 12 ಜನರ ಕೈಗೂ ಹೋಗಿರಬೇಕು. ನಮ್ಮಲ್ಲಿ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಮುಗಿದ ಕೂಡಲೇ ದೂರುಗಳನ್ನು ಕೇಳುತ್ತೇನೆ. ನೋವು ಹಸಿಯಾಗಿರುವಾಗಲೇ ಜನ ಸರಿಯಾಗಿ ಹೇಳುತ್ತಾರೆ. ಜೂನ್‌ನಲ್ಲಿ ವೋಟು. 12ರಲ್ಲಿ 8 ಜನ ಒಪ್ಪಿದರೆ ನಿಯಮ ಬದಲು. ಜುಲೈ ಮುಗಿದ ಮೇಲೆ ಒಂದು ಅಕ್ಷರವೂ ಬದಲಾಗುವುದಿಲ್ಲ.

ಇಷ್ಟು ಬಿಗಿ ಯಾಕೆ ಅಂದರೆ, ಒಂದು ವರ್ಷ ನಾನು ಬಿಗಿ ಇರಲಿಲ್ಲ. ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಮಾಡುವ ಕೊನೆಯ ದಿನವನ್ನು ಒಂದು ವಾರ ಮುಂದೆ ಹಾಕಿ ಅಂತ ನಾಲ್ಕೈದು ಜನ ಕೇಳಿದರು. ಸುಮ್ನೆ ಒಂದು ವಾರ ತಾನೇ ಅಂತ ಹಾಕಿದೆ. ಆ ವಾರ ನಡೆದ ಒಂದು ಟ್ರೇಡಿನಿಂದ ಒಬ್ಬರ ತಂಡ ಮೇಲೇರಿತು, ಇನ್ನೊಬ್ಬ ಗೆಳೆಯ ಪ್ಲೇಆಫ್‌ನಿಂದ ಹೊರಗೆ ಬಿದ್ದ. ಅವನು ಜಗಳ ಆಡಲಿಲ್ಲ, ಒಂದು ಮಾತೂ ಅನ್ನಲಿಲ್ಲ. ಮುಂದಿನ ವರ್ಷ ಲೀಗಿಗೆ ಬರಲಿಲ್ಲ. ತಪ್ಪು ನನ್ನದೇ ಅಲ್ವಾ? ಡ್ರಾಫ್ಟ್ ಆದ ಮೇಲೆ ಯಾವ ನಿಯಮ ಬದಲಿಸಿದರೂ ಅದು ಯಾರೋ ಒಬ್ಬರ ತಂಡಕ್ಕೆ ಲಾಭ, ಇನ್ನೊಬ್ಬರಿಗೆ ನಷ್ಟ. ನಮ್ಮ ಮನಸ್ಸು ಎಷ್ಟೇ ಚೆನ್ನಾಗಿದ್ದರೂ ಅದು ತಪ್ಪುವುದಿಲ್ಲ.

ಈ ಆಟ ಹುಟ್ಟಿದ್ದೂ ಇದೇ ಕ್ರಮದಲ್ಲಿ. ಓಕ್‌ಲೆಂಡ್ ರೇಡರ್ಸ್ ತಂಡದಲ್ಲಿ ಪಾಲು ಹೊಂದಿದ್ದ ಬಿಲ್ ವಿಂಕನ್‌ಬಾಕ್ 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಜೊತೆಯವರೊಂದಿಗೆ ನಿಯಮ ಬರೆದರು. ಮೊದಲ ಡ್ರಾಫ್ಟ್ ನಡೆದದ್ದು ಮುಂದಿನ ವರ್ಷ, 1963ರ ಆಗಸ್ಟ್‌ನಲ್ಲಿ. ಎಂಟು ತಂಡಗಳಿದ್ದವು. ಮೊದಲು ಆಯ್ಕೆಯಾದದ್ದು ಕ್ವಾರ್ಟರ್‌ಬ್ಯಾಕ್ ಜಾರ್ಜ್ ಬ್ಲಾಂಡಾ.

ಪ್ರಶ್ನೆ: ನಮ್ಮ ಗೆಳೆಯರಿಗೆ ತಡೆಯಲಾಗುತ್ತಿಲ್ಲ. ಆಗಸ್ಟ್ ಮೊದಲ ವಾರದಲ್ಲೇ ಡ್ರಾಫ್ಟ್ ಮುಗಿಸೋಣ ಅನ್ನುತ್ತಾರೆ. ಪರವಾಗಿಲ್ಲವೇ?

ಉತ್ತರ: ದಯವಿಟ್ಟು ಬೇಡ. 2021ರ ಆಗಸ್ಟ್ 28ಕ್ಕೆ ಬಾಲ್ಟಿಮೋರ್ ರೇವನ್ಸ್ ತಂಡದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಜೆ.ಕೆ. ಡಾಬಿನ್ಸ್ ಅಭ್ಯಾಸ ಪಂದ್ಯವೊಂದರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಇಡೀ ಸೀಸನ್ ಹೋಯಿತು. ಅದು ಸೀಸನ್ನಿಗೆ ಮುಂಚಿನ ಕೊನೆಯ ಅಭ್ಯಾಸ ಪಂದ್ಯ. ಬೇಗ ಡ್ರಾಫ್ಟ್ ಮಾಡಿದ್ದ ಲೀಗುಗಳಲ್ಲಿ ಅವರು ಮೊದಲ ಕೆಲವು ಸುತ್ತುಗಳಲ್ಲೇ ಹೋಗಿದ್ದರು. ಒಂದೂ ಪಂದ್ಯ ಆಡದೆ ಒಂದು ದೊಡ್ಡ ಆಯ್ಕೆ ನೀರು ಪಾಲು.

ಅಭ್ಯಾಸ ಪಂದ್ಯಗಳು ಮುಗಿದು, ತಂಡಗಳು ಕೊನೆಯ ಪಟ್ಟಿ ಪ್ರಕಟಿಸಿದ ಮೇಲೆ ಒಂದು ವಾರಾಂತ್ಯ ಖಾಲಿ ಸಿಗುತ್ತದೆ. ಅದೇ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರದ ರಜೆ) ವಾರಾಂತ್ಯ. ಸಾಮಾನ್ಯವಾಗಿ ಅದರ ಮುಂದಿನ ಗುರುವಾರ ಸೀಸನ್ ಶುರು. ಡ್ರಾಫ್ಟಿಗೆ ಅದೇ ಸರಿಯಾದ ಸಮಯ.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. 9 ಜನ ಆಡುವವರು, 6 ಜನ ಬೆಂಚಿನಲ್ಲಿ ಅಂದರೆ 15 ಸುತ್ತು. 12 ತಂಡಕ್ಕೆ ಒಟ್ಟು 180 ಆಯ್ಕೆ. ಒಂದೊಂದಕ್ಕೆ 90 ಸೆಕೆಂಡ್ ಕೊಟ್ಟರೆ ನಾಲ್ಕೂವರೆ ಗಂಟೆ. ನಾವು ಮೊದಲ ಐದು ಸುತ್ತಿಗೆ 90 ಸೆಕೆಂಡ್, ಆಮೇಲೆ 60 ಸೆಕೆಂಡ್ ಇಡುತ್ತೇವೆ. ಹತ್ತನೇ ಸುತ್ತಿನ ಹೊತ್ತಿಗೆ ಎಲ್ಲರ ಕಣ್ಣೂ ಕೆಂಪಾಗಿರುತ್ತದೆ, ಆದರೂ ವರ್ಷದ ಅತಿ ಸಂತೋಷದ ರಾತ್ರಿ ಅದೇ.

ಸರದಿ ಹಾವಿನ ಹಾಗೆ ಹೋಗಿ ತಿರುಗಿ ಬರುತ್ತದೆ. ಮೊದಲ ಸ್ಥಾನದವರಿಗೆ 1, 24, 25ನೇ ಆಯ್ಕೆ. ಕೊನೆಯವರಿಗೆ 12 ಮತ್ತು 13, ಒಂದರ ಹಿಂದೆ ಒಂದು. ಕೆಲವರಿಗೆ ಇದೇ ಇಷ್ಟ. ಅದಕ್ಕೇ ನಾವು ಚೀಟಿ ಎತ್ತುವುದು ಸ್ಥಾನಕ್ಕಲ್ಲ, ಸ್ಥಾನ ಆರಿಸುವ ಹಕ್ಕಿಗೆ. ಮೊದಲ ಚೀಟಿ ಬಂದವರು ಬೇಕಿದ್ದರೆ 12ನೇ ಸ್ಥಾನ ತಗೊಳ್ಳಬಹುದು. ತಗೊಂಡವರೂ ಇದ್ದಾರೆ.

ಪ್ರಶ್ನೆ: ಅಂಕದ ಲೆಕ್ಕ ಯಾವುದು ಒಳ್ಳೆಯದು?

ಉತ್ತರ: ಓಟ ಅಥವಾ ಕ್ಯಾಚಿನ 10 ಗಜಕ್ಕೆ 1 ಅಂಕ, ಅದರ ಟಚ್‌ಡೌನಿಗೆ 6. ಪಾಸಿನ 25 ಗಜಕ್ಕೆ 1, ಪಾಸಿನ ಟಚ್‌ಡೌನಿಗೆ 4. ಪ್ರತಿ ಕ್ಯಾಚಿಗೆ ಅರ್ಧ ಅಂಕ. ಹೊಸಬರಿಗೆ ಇಷ್ಟು ಸಾಕು.

ಪ್ರಶ್ನೆ: ನಮ್ಮ ಲೀಗಿಗೆ ಮೂರು ವರ್ಷ ಆಯಿತು. ಪ್ರತಿ ಸಲ ನವೆಂಬರ್ ಬಂದರೆ ಕೆಳಗಿನ ನಾಲ್ಕೈದು ಜನ ತಂಡದ ಕಡೆ ತಿರುಗಿಯೂ ನೋಡುವುದಿಲ್ಲ. ಗಾಯಗೊಂಡವರನ್ನೂ ತೆಗೆಯುವುದಿಲ್ಲ. ಅವರನ್ನು ಲೀಗಿನಿಂದ ತೆಗೆದುಬಿಡಲೇ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. 12ನೇ ವಾರದಲ್ಲಿ ಅಂಥ ತಂಡದ ಎದುರು ಆಡಿದವರಿಗೆ ಗೆಲುವು ಪುಕ್ಕಟೆ ಸಿಗುತ್ತದೆ. ಅದೇ ತಂಡ ಎಚ್ಚರ ಇದ್ದಾಗ, ನಾಲ್ಕನೇ ವಾರದಲ್ಲಿ ಸೋತವರು ಪ್ಲೇಆಫ್ ಕಳೆದುಕೊಳ್ಳುತ್ತಾರೆ. ಇದು ಅನ್ಯಾಯ. ಆದರೆ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಡಿಸೆಂಬರಿನಲ್ಲಿ ಅವರಿಗೆ ಆಡಲು ನೀವು ಏನು ಉಳಿಸಿದ್ದೀರಿ?

ನಾವು ಎರಡು ಬದಲಾವಣೆ ಮಾಡಿದೆವು. ಒಂದು, ಆರನೇ ಪ್ಲೇಆಫ್ ಜಾಗ ಗೆಲುವಿನ ಲೆಕ್ಕದ ಮೇಲೆ ಹೋಗುವುದಿಲ್ಲ. ಮೊದಲ ಐದು ಸ್ಥಾನ ಬಿಟ್ಟು ಉಳಿದವರಲ್ಲಿ ಯಾರ ಒಟ್ಟು ಅಂಕ ಜಾಸ್ತಿಯೋ ಅವರಿಗೆ ಆ ಜಾಗ. ನಮ್ಮಲ್ಲಿ ಒಬ್ಬರು ಮೊದಲ ಏಳು ವಾರದಲ್ಲಿ ಐದು ಸೋತಿದ್ದರು. ಅವರ ತಂಡ ಒಳ್ಳೆಯ ಅಂಕ ಗಳಿಸುತ್ತಿತ್ತು, ಎದುರಿಗೆ ಬಂದವರು ಅವತ್ತೇ ಇನ್ನೂ ಜಾಸ್ತಿ ಗಳಿಸುತ್ತಿದ್ದರು. ಮೊದಲಾಗಿದ್ದರೆ ಅವರು ಕೈ ಚೆಲ್ಲುತ್ತಿದ್ದರು. ಈ ನಿಯಮ ಇದ್ದದ್ದರಿಂದ 14ನೇ ವಾರದ ಸೋಮವಾರ ರಾತ್ರಿಯವರೆಗೂ ಒಂದೊಂದು ಗಜ ಎಣಿಸುತ್ತಾ ಕೂತಿದ್ದರು.

ಎರಡನೆಯದು, ಹೊರಗುಳಿದ ಆರು ತಂಡಗಳಿಗೂ 15ರಿಂದ 17ನೇ ವಾರದವರೆಗೆ ಬೇರೆ ಪಂದ್ಯಾವಳಿ. ಅದರಲ್ಲಿ ಗೆದ್ದವರಿಗೆ ಮುಂದಿನ ವರ್ಷ ಡ್ರಾಫ್ಟ್ ಸ್ಥಾನ ಆರಿಸುವ ಮೊದಲ ಹಕ್ಕು. ಉಳಿದವರಿಗೆ ಚೀಟಿ. ಕೊನೆಯ ಸ್ಥಾನಕ್ಕೆ ಮಾತ್ರ ಬಹುಮಾನ ಇಡಬೇಡಿ. ಇಟ್ಟರೆ ಬೇಕಂತಲೇ ಸೋಲುವವರು ಹುಟ್ಟಿಕೊಳ್ಳುತ್ತಾರೆ.

ಟ್ರೇಡನ್ನು 11ನೇ ವಾರಕ್ಕೆ ನಿಲ್ಲಿಸಿ. ಆಮೇಲೆ ಸೋತವರು ಗೆಳೆಯರಿಗೆ ಆಟಗಾರರನ್ನು ಹಂಚುವ ಗೊಡವೆ ಇರುವುದಿಲ್ಲ. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಬುಧವಾರ ಬೆಳಗ್ಗೆ ಹರಾಜಿನ ಹಾಗೆ ಕೊಡಿ. ಪ್ರತಿ ತಂಡಕ್ಕೂ ಸೀಸನ್ನಿಗೆ ಲೆಕ್ಕದ 100 ಡಾಲರ್. ಎಷ್ಟು ಕೂಗಿದೆವು ಅನ್ನುವುದು ಬೇರೆಯವರಿಗೆ ಕಾಣಬಾರದು. ನವೆಂಬರಿನಲ್ಲಿ ಕೆಳಗಿರುವವರ ಕೈಯಲ್ಲಿ 40 ಡಾಲರ್ ಉಳಿದಿದ್ದರೆ, ಮುಖ್ಯ ಆಟಗಾರನೊಬ್ಬ ಗಾಯಗೊಂಡ ವಾರ ಅವನ ಬದಲಿ ಆಟಗಾರನ ಹರಾಜಿನಲ್ಲಿ ಅವರೇ ರಾಜರು.

ಇಷ್ಟೆಲ್ಲ ಮಾಡಿದ ಮೇಲೂ ತಂಡ ಜೋಡಿಸದವರಿಗೆ ಒಂದು ಫೋನ್ ಮಾಡಿ. ಮೆಸೇಜ್ ಬೇಡ, ಫೋನ್. ನಾನು ಹಾಗೆ ಫೋನ್ ಮಾಡಿದಾಗ ಒಬ್ಬರ ಮನೆಯಲ್ಲಿ ಕಾಯಿಲೆ ಇದೆ ಅಂತ ಗೊತ್ತಾಯಿತು. ಉಳಿದ ಐದು ವಾರ ಇನ್ನೊಬ್ಬ ಗೆಳೆಯ ಎಲ್ಲರ ಒಪ್ಪಿಗೆ ಪಡೆದು ಅವರ ತಂಡ ನೋಡಿಕೊಂಡ.

ಪ್ರಶ್ನೆ: ಪಂದ್ಯವೇ ರದ್ದಾದರೆ ಏನು ಮಾಡುವುದು? ಇದಕ್ಕೂ ನಿಯಮ ಬೇಕೇ?

ಉತ್ತರ: ಬೇಕು. ಮುಂದಕ್ಕೆ ಹೋದ ಪಂದ್ಯಕ್ಕೂ ಬೇಕು. 2020ರ ಕೋವಿಡ್ ವರ್ಷದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಆಗಬೇಕಿದ್ದ ರೇವನ್ಸ್-ಸ್ಟೀಲರ್ಸ್ ಪಂದ್ಯ ಕೊನೆಗೆ ಡಿಸೆಂಬರ್ 2ರ ಬುಧವಾರ ನಡೆಯಿತು. ನಮ್ಮ ಹರಾಜು ನಡೆಯುವ ದಿನವೇ ಬುಧವಾರ. ಹರಾಜನ್ನು ಒಂದು ದಿನ ಮುಂದೆ ಹಾಕಿದೆವು. ಅದು ಸಣ್ಣ ತೊಂದರೆ.

2023ರ ಜನವರಿ 2 ಸೋಮವಾರ. 17ನೇ ವಾರದ ಕೊನೆಯ ಪಂದ್ಯ, ಸಿನ್ಸಿನಾಟಿಯಲ್ಲಿ ಬೆಂಗಾಲ್ಸ್ ಮತ್ತು ಬಫಲೋ ಬಿಲ್ಸ್. ನಮ್ಮ ಲೀಗಿನ ಫೈನಲ್ ಆ ಒಂದು ಪಂದ್ಯದ ಮೇಲೆ ನಿಂತಿತ್ತು. ಒಬ್ಬರ ತಂಡದಲ್ಲಿ ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್, ಇನ್ನೊಬ್ಬರ ತಂಡದಲ್ಲಿ ಬೆಂಗಾಲ್ಸ್‌ನ ಜಮಾರ್ ಚೇಸ್. ಚೇಸ್ ಇದ್ದವರು ಕೆಲವೇ ಅಂಕ ಮುಂದೆ. ಮೊಬೈಲಿನಲ್ಲಿ ನಮ್ಮ ಗುಂಪಿನ ಮೆಸೇಜುಗಳು ಒಂದೇ ಸಮನೆ ಬರುತ್ತಿದ್ದವು.

ಮೊದಲ ಕ್ವಾರ್ಟರ್ ಇನ್ನೂ ಮುಗಿದಿರಲಿಲ್ಲ. ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಎದುರಾಳಿಯನ್ನು ಹಿಡಿದು ಕೆಡವಿ ಎದ್ದು ನಿಂತರು. ಮರುಕ್ಷಣ ಹಿಂದಕ್ಕೆ ಬಿದ್ದರು. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ ಜೀವ ಉಳಿಸುವ ಕೆಲಸ ನಡೆಯಿತು. ಜೊತೆ ಆಟಗಾರರು ಸುತ್ತಲೂ ನಿಂತು ಅಳುತ್ತಿದ್ದರು. ನಮ್ಮ ಗುಂಪಿನಲ್ಲಿ ಒಂದು ಗಂಟೆ ಯಾರೂ ಏನೂ ಬರೆಯಲಿಲ್ಲ.

ಪಂದ್ಯ ನಿಂತಿತು, ಆಮೇಲೆ ಎನ್‌ಎಫ್‌ಎಲ್ ಅದನ್ನು ಪೂರ್ತಿ ರದ್ದು ಮಾಡಿತು. ಅವತ್ತಿನ ಅಂಕಗಳ ಪ್ರಕಾರ ಚೇಸ್ ಇದ್ದವರೇ ಗೆದ್ದ ಹಾಗೆ. ಹಾಳೆಯಲ್ಲಿ ನೋಡಿದೆ. ಅದರಲ್ಲಿ ರದ್ದಾದ ಪಂದ್ಯದ ಬಗ್ಗೆ ಏನೂ ಇರಲಿಲ್ಲ. ನಾನು ಯೋಚನೆ ಮಾಡುತ್ತಿರುವಾಗ ಮುಂದಿದ್ದ ಆ ಗೆಳೆಯನದೇ ಮೆಸೇಜ್ ಬಂತು. ‘ಇಬ್ಬರ ಹೆಸರೂ ಹಾಕು. ಆ ಹುಡುಗ ಹುಷಾರಾಗಲಿ.’

ಆ ಜೂನ್‌ನಲ್ಲಿ ನಿಯಮ ಬರೆದೆವು. 12 ಜನರೂ ವೋಟು ಹಾಕಿದರು. ಸಾಮಾನ್ಯ ವಾರದಲ್ಲಿ ಪಂದ್ಯ ರದ್ದಾದರೆ, ಬೆಂಚಿನಲ್ಲಿರುವ ಅದೇ ಜಾಗದ ಆಟಗಾರನ ಅಂಕ ಸೇರುತ್ತದೆ. ಫೈನಲ್‌ನಲ್ಲಿ ರದ್ದಾದರೆ, ಆ ಪಂದ್ಯದಲ್ಲಿ ಯಾರದಾದರೂ ಆಟಗಾರ ಇದ್ದಲ್ಲಿ, ಟ್ರೋಫಿ ಇಬ್ಬರಿಗೂ. ನೀವೂ ಇದನ್ನು ಹೀಗೇ ಬರೆದುಕೊಳ್ಳಬಹುದು.

ಹ್ಯಾಮ್ಲಿನ್ ಚೇತರಿಸಿಕೊಂಡು 2023ರ ಸೀಸನ್ನಿನಲ್ಲಿ ಮತ್ತೆ ಮೈದಾನಕ್ಕೆ ಇಳಿದರು. ನಮ್ಮ ಟ್ರೋಫಿಯಲ್ಲಿ 2022ರ ಸಾಲಿನ ಎದುರು ಎರಡು ಹೆಸರುಗಳಿವೆ.