ಕೆಂಪು ಎಲೆ ನಮ್ಮದಲ್ಲ, ಒಪ್ಪಿದೆ ಮೇಷ್ಟ್ರೇ

ಓದುಗರ ಪತ್ರ:

"ಸಂಪಾದಕರೇ, ಸೆಪ್ಟೆಂಬರ್ ಸಂಚಿಕೆ ಕೈಸೇರಿತು. ಮುಖಪುಟದ ತುಂಬ ಕೆಂಪು ಎಲೆ ಉದುರಿದ ದಾರಿ. ಕೆಳಗೆ 'ಶರತ್ಕಾಲದ ಸಂಭ್ರಮ' ಅಂತ ದಪ್ಪ ಅಕ್ಷರ. ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ನಡೆಯುತ್ತೇನೆ. ಒಂದೇ ಒಂದು ಎಲೆ ಕೆಂಪಾಗಿಲ್ಲ. ನಮಗೆ ಇರೋದು ಮೂರೇ ಕಾಲ. ಬೇಸಿಗೆ, ಮಳೆ, ಚಳಿ. ಶರತ್ಕಾಲ ಪಂಚಾಂಗದಲ್ಲಿದೆ, ನಿಮ್ಮಂಥವರ ಸಂಪಾದಕೀಯದಲ್ಲಿದೆ, ನಮ್ಮೂರಲ್ಲಿ ಇಲ್ಲ. ಇದ್ದರೆ ಎಲ್ಲಿದೆ ತೋರಿಸಿ. ಇಲ್ಲದಿದ್ದರೆ ಮುಂದಿನ ವರ್ಷದ ಚಂದಾ ಕಟ್ಟುವುದಿಲ್ಲ."
– ಒಬ್ಬ ನಿವೃತ್ತ ಮೇಷ್ಟ್ರು, ಮಂಡ್ಯ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಆ ಚಿತ್ರ ಆರಿಸಿದ್ದು ನಾನೇ. ಮುಖಪುಟ ಕಳಿಸಲು ಒಂದು ಸಂಜೆ ಮಾತ್ರ ಉಳಿದಿತ್ತು. ಇಂಟರ್ನೆಟ್ಟಿನಲ್ಲಿ 'ಶರತ್ಕಾಲ' ಅಂತ ಹುಡುಕಿದೆ, ಮೊದಲು ಸಿಕ್ಕಿದ್ದನ್ನು ಹಾಕಿಬಿಟ್ಟೆ. ಅದು ಯಾವ ದೇಶದ ದಾರಿಯೋ ನನಗೂ ಗೊತ್ತಿಲ್ಲ. ಮೈಸೂರಿನಲ್ಲಿ ಕೂತು ಪತ್ರಿಕೆ ಮಾಡುವವನು ಕಿಟಕಿಯಿಂದ ಆಚೆ ಒಮ್ಮೆ ನೋಡಿದ್ದರೂ ಸಾಕಿತ್ತು. ಇಲ್ಲಿನ ಮರಗಳು ಎಲೆ ಉದುರಿಸುವುದು ಜನವರಿ, ಫೆಬ್ರವರಿಯಲ್ಲಿ. ಬೇವು, ಹೊಂಗೆ ಎಲ್ಲ ಬೋಳಾಗಿ ಮತ್ತೆ ಚಿಗುರುವುದು ಚಳಿ ಮುಗಿದು ಬೇಸಿಗೆ ಬರುವ ಹೊತ್ತಿಗೆ. ಕೆಂಪು ಎಲೆಯೇ ಬೇಕೆಂದರೆ ನಮ್ಮಲ್ಲಿ ಇರುವುದು ಬಾದಾಮಿ ಮರ. ಶಾಲೆಯ ಅಂಗಳದಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಂತಿರುತ್ತದಲ್ಲ, ಅದೇ. ಅದು ಕೂಡ ಸೆಪ್ಟೆಂಬರ್‌ನಲ್ಲಿ ಹೆಚ್ಚಾಗಿ ಹಸಿರಾಗಿಯೇ ಇರುತ್ತದೆ. ಹಾಗಾಗಿ ಎಲೆಯ ವಿಷಯದಲ್ಲಿ ನನಗೆ ಸೊನ್ನೆ ಮಾರ್ಕ್ಸು.

ಆದರೆ 'ಮೂರೇ ಕಾಲ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಪಿತೃಪಕ್ಷ ಮುಗಿಯುತ್ತಾ ಬಂದಿದೆ. ನಾಳೆ ಮಹಾಲಯ ಅಮಾವಾಸ್ಯೆ. ನಾಡಿದ್ದು ಆಶ್ವಯುಜದ ಪಾಡ್ಯ, ಪಂಚಾಂಗದ ಶರದೃತು ಶುರುವಾಗುವುದು ಅಂದೇ. ನಾವು ದಸರಾ ಅಂತ ಕರೆಯುವ ಹಬ್ಬದ ಪೂರ್ತಿ ಹೆಸರು ಶರನ್ನವರಾತ್ರಿ. ಕಾಲದ ಹೆಸರು ಹಬ್ಬದೊಳಗೇ ಕೂತಿದೆ. ಅಂದಹಾಗೆ ರಾಜ ಒಡೆಯರು 1610ರಲ್ಲಿ ಈ ದಸರಾ ಶುರುಮಾಡಿದ್ದು ಶ್ರೀರಂಗಪಟ್ಟಣದಲ್ಲಿ. ಅಂದರೆ ನಿಮ್ಮ ಜಿಲ್ಲೆಯಲ್ಲಿ. ಮೈಸೂರಿನವರು ಇದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ.

ಪಂಚಾಂಗ ಬೇಡ ಅಂತೀರಿ, ಸರಿ, ಆಕಾಶ ನೋಡೋಣ. ಹಳೇ ಕಾವ್ಯಗಳಲ್ಲಿ ಶರತ್ಕಾಲ ಅಂದರೆ ಮಳೆ ಪೂರ್ತಿ ನಿಂತು, ಆಕಾಶ ತೊಳೆದಿಟ್ಟಂತಾಗಿ, ಹತ್ತಿಯಂಥ ಬಿಳಿ ಮೋಡ ತೇಲುವ ಕಾಲ. ಅದು ಉತ್ತರದ ಕಡೆಯ ಶರತ್ಕಾಲ. ನಮ್ಮ ಮೈಸೂರು, ಮಂಡ್ಯ ಕಡೆ ಲೆಕ್ಕವೇ ಬೇರೆ. ಜೂನ್, ಜುಲೈನಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಘಟ್ಟದ ಆ ಕಡೆಯೇ ಸುರಿದು ಖಾಲಿಯಾಗುತ್ತವೆ. ನಮಗೆ ಬರುವುದು ಬರೀ ಗಾಳಿ, ಜೊತೆಗೆ ಒಂದಿಷ್ಟು ಜಿಟಿಜಿಟಿ. ನಮ್ಮ ಜೋರು ಮಳೆ ಎರಡು ಕಂತಿನಲ್ಲಿ ಬರುತ್ತದೆ. ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಆ ಹೊತ್ತಿಗೆ ಪಶ್ಚಿಮದ ಗಾಳಿಯ ಬಿಗಿ ಸಡಿಲವಾಗಿರುತ್ತದೆ. ನೆಲದಲ್ಲಿ ಪಸೆ ಇರುತ್ತದೆ. ಬೆಳಗಿನ ಬಿಸಿಲು ಆ ಪಸೆಯನ್ನು ಕಾಯಿಸಿ ಮೇಲಕ್ಕೆ ಎತ್ತುತ್ತದೆ. ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟುತ್ತದೆ, ನಾಲ್ಕಕ್ಕೆ ಗುಡುಗು. ಇದನ್ನು ನೀವು ನನಗಿಂತ ಚೆನ್ನಾಗಿ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಿರಿ.

ಹಾಗಾಗಿ ನಮ್ಮ ಶರತ್ಕಾಲ ಅರ್ಧ ದಿನದ್ದು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಶರತ್ಕಾಲ, ಆಮೇಲೆ ಮಳೆಗಾಲ. ಮರುದಿನ ಮತ್ತೆ ಶರತ್ಕಾಲ. ಇಡೀ ಊರು ಈ ಅರ್ಧ ದಿನಕ್ಕೆ ತಕ್ಕಂತೆ ತನ್ನ ಕೆಲಸ, ಖುಷಿ ಎರಡನ್ನೂ ಹೊಂದಿಸಿಕೊಳ್ಳುತ್ತದೆ. ನನ್ನ ವಾದ ಇಷ್ಟೇ. ಇನ್ನು ಸಾಕ್ಷಿ ಕೊಡುತ್ತೇನೆ.

ಮೊದಲನೇ ಸಾಕ್ಷಿ ನಮ್ಮ ಮನೆಯ ತಾರಸಿ. ಆಷಾಢದ ಗಾಳಿಗೆ ಬಟ್ಟೆ ಒಣಗುವುದಿಲ್ಲ, ಹಾರಿಹೋಗುತ್ತದೆ. ಶ್ರಾವಣದಲ್ಲಿ ತಂತಿಯ ಮೇಲೆ ಎರಡು ದಿನ ಇದ್ದರೂ ಟವೆಲ್ಲಿಗೆ ಮುಗ್ಗಲು ವಾಸನೆ. ಗೌರಿ-ಗಣೇಶ ಕಳೆದು ಎರಡು ವಾರಕ್ಕೆ ಗಾಳಿ ಸುಮ್ಮನಾಗುತ್ತದೆ. ಅವತ್ತು ಹಾಸಿಗೆ, ದಿಂಬು, ಕಂಬಳಿ ಎಲ್ಲ ಮೇಲಕ್ಕೆ ಹೋಗುತ್ತವೆ. ಉಬ್ಬಿಕೊಂಡು ಹಟ ಹಿಡಿದಿದ್ದ ಬಚ್ಚಲುಮನೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ರಾತ್ರಿ ಬಿಸಿಲಿನ ವಾಸನೆ ಇರುವ ದಿಂಬಿಗೆ ತಲೆ ಕೊಟ್ಟು ಮಲಗುವ ಸುಖಕ್ಕೆ ನಾನು ಯಾವ ಕೆಂಪು ಎಲೆಯನ್ನೂ ಬದಲಿಗೆ ತೆಗೆದುಕೊಳ್ಳುವುದಿಲ್ಲ. ಆದರೆ ಮೂರು ಗಂಟೆಯೊಳಗೆ ಎಲ್ಲ ಕೆಳಗೆ ಬರಬೇಕು. ನಮ್ಮ ಬೀದಿಯಲ್ಲಿ ಮೋಡ ಕಪ್ಪಾದರೆ ಯಾರೋ ಒಬ್ಬರು "ಬಟ್ಟೆ, ಬಟ್ಟೆ" ಅಂತ ಕೂಗುತ್ತಾರೆ. ಯಾರ ಬಟ್ಟೆ ಅಂತ ಕೇಳುವಂತಿಲ್ಲ, ಎಲ್ಲರೂ ಓಡುವುದೇ.

ಉದುರುವುದು ಬೇಕು ಅಂದಿರಾ? ನಮ್ಮಲ್ಲೂ ಈಗ ಉದುರುತ್ತದೆ. ಪಾರಿಜಾತ. ರಾತ್ರಿ ಅರಳಿ ಬೆಳಿಗ್ಗೆ ನೆಲಕ್ಕೆ ಬೀಳುವ ಹೂವು, ಬಿಳಿ ಎಸಳು, ಕೇಸರಿ ತೊಟ್ಟು. ಬೇರೆ ಹೂವು ನೆಲಕ್ಕೆ ಬಿದ್ದರೆ ದೇವರಿಗೆ ಸಲ್ಲದು, ಇದನ್ನು ಮಾತ್ರ ನೆಲದಿಂದಲೇ ಆರಿಸಿ ಮುಡಿಸುತ್ತಾರೆ. ಇನ್ನು ಸ್ವಲ್ಪ ದಿನಕ್ಕೆ ಆಕಾಶಮಲ್ಲಿಗೆ ಶುರು. ಉದ್ದ ಕೊಳವೆಯಂಥ ಆ ಹೂವನ್ನು ದಾರವಿಲ್ಲದೆ ಜಡೆಯ ಹಾಗೆ ಹೆಣೆಯಬಹುದು. ನಮ್ಮ ಕಾಲದ ಹುಡುಗಿಯರಿಗೆಲ್ಲ ಅದು ಬರುತ್ತಿತ್ತು. ಹೋದ ವರ್ಷ ಪಕ್ಕದ ಮನೆ ಮಗುವಿಗೆ ಹೇಳಿಕೊಡಲು ಹೋಗಿ ನಾನೇ ಮರೆತಿದ್ದೆ. ಕೊನೆಗೆ ಅವಳ ಅಜ್ಜಿ ಬಂದು ಬಿಡಿಸಿ ತೋರಿಸಿದರು.

ನೀವು ನಾಲೆ ಏರಿ ಮೇಲೆ ನಡೆಯುತ್ತೀರಿ ಅಂದಿರಿ. ಅಲ್ಲಿ ಗದ್ದೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ಸುತ್ತುವುದನ್ನು ಕಂಡಿರಬೇಕು. ಮಾಸಲು ಹಳದಿ ಬಣ್ಣದವು, ಎಲ್ಲೂ ಕೂರದೆ ಹಾರುತ್ತಲೇ ಇರುತ್ತವೆ. ಆ ಜಾತಿಯವು ನಮ್ಮ ದೇಶದಿಂದ ಮಾಲ್ಡೀವ್ಸ್ ಮೇಲೆ ಹಾದು, ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಸೇರುತ್ತವೆ ಅಂತ ಕೀಟಗಳನ್ನು ಬಲ್ಲವರು ಹೇಳುತ್ತಾರೆ. ಮಾಲ್ಡೀವ್ಸ್‌ನಲ್ಲಿ ಅವು ಕಾಣಿಸಿಕೊಳ್ಳುವುದು ಅಕ್ಟೋಬರ್ ಹೊತ್ತಿಗೆ. ನಾವು ಚಿಕ್ಕವರಿದ್ದಾಗ ಅವುಗಳ ಬಾಲಕ್ಕೆ ದಾರ ಕಟ್ಟುತ್ತಿದ್ದೆವು. ಆಫ್ರಿಕಾಕ್ಕೆ ಹೊರಟ ಪ್ರಯಾಣಿಕರು ಅಂತ ಆಗ ಗೊತ್ತಿರಲಿಲ್ಲ.

ಮಂಡ್ಯದವರ ಬಾಯಲ್ಲಿ ಈ ಕಾಲ ಬಂತು ಅಂತ ತಿಳಿಯಲು ಇನ್ನೊಂದು ಗುರುತಿದೆ. "ಕಟ್ಟೆ ನೀರು ಎಷ್ಟಾಯ್ತು?" ಜುಲೈನಲ್ಲಿ ಈ ಪ್ರಶ್ನೆ ಕೇಳುವಾಗ ದನಿಯಲ್ಲಿ ಆತಂಕ ಇರುತ್ತದೆ. ಸೆಪ್ಟೆಂಬರ್ ಕೊನೆಗೆ, ಕನ್ನಂಬಾಡಿ ತುಂಬಿದ ವರ್ಷವಾದರೆ, ಅದೇ ಪ್ರಶ್ನೆಯನ್ನು ಉತ್ತರ ಗೊತ್ತಿದ್ದೂ ಕೇಳುತ್ತಾರೆ. 124.80 ಅಡಿ, ಅಂದರೆ ಕಟ್ಟೆ ಪೂರ್ತಿ ತುಂಬಿದೆ ಅನ್ನುವ ಅಂಕಿಯನ್ನು ಇನ್ನೊಬ್ಬರ ಬಾಯಿಂದ ಕೇಳುವುದೇ ಒಂದು ಸುಖ. ಟೀ ಅಂಗಡಿಯಲ್ಲಿ ಪೇಪರಿನ ಆ ಮೂಲೆ ಓದಿ ಮಡಿಚಿಟ್ಟು, ಎರಡನೇ ಟೀ ಹೇಳುತ್ತಾರೆ. ತುಂಬದ ವರ್ಷ ಒಂದೇ ಟೀ.

ಪಿತೃಪಕ್ಷದ ಊಟದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ನನ್ನ ತಾಯಿಯ ತವರು ಮಂಡ್ಯದ ಹತ್ತಿರದ ಹಳ್ಳಿ. ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ವಡೆ, ಕಜ್ಜಾಯ, ಬಾಡೂಟ ಎಲ್ಲ ಎಡೆಗೆ ಇಟ್ಟು, ತೀರಿಕೊಂಡವರು ಇಷ್ಟಪಡುತ್ತಿದ್ದ ಬೀಡಿಕಟ್ಟನ್ನೂ ಪಕ್ಕದಲ್ಲಿ ಇಡುವುದನ್ನು ನಾನು ನೋಡಿದ್ದು ಅಲ್ಲೇ. ಬೆಳಗಿನ ಜಾವವೇ ಗುಡ್ಡೆ ಬಾಡು, ಅಂದರೆ ಗುಡ್ಡೆ ಹಾಕಿ ಹಂಚುವ ಮಾಂಸ, ಅದರ ಪಾಲು ತರುತ್ತಿದ್ದ ನಮ್ಮ ಮಾವ ಈಗ ತಾವೇ ಎಡೆಯ ಪಟ್ಟಿಗೆ ಸೇರಿದ್ದಾರೆ. ಅವರಿಗೆ ಒಂದು ಲೋಟ ಕಾಫಿ, ಸಕ್ಕರೆ ಜಾಸ್ತಿ.

ಈಗ ಮೈಸೂರಿನ ಪಾಲು. ಜಂಬೂಸವಾರಿ, 750 ಕಿಲೋ ತೂಕದ ಚಿನ್ನದ ಅಂಬಾರಿ, ಲಕ್ಷದಷ್ಟು ಬಲ್ಬು ಹೊತ್ತುವ ಅರಮನೆ, ಇದನ್ನೆಲ್ಲ ಎಲ್ಲರೂ ಬರೆಯುತ್ತಾರೆ, ಬಿಡಿ. ನನಗೆ ಇಷ್ಟ ಅದಕ್ಕೂ ಮುಂಚಿನ ಬೆಳಗುಗಳು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಆನೆಗಳ ತಾಲೀಮು ನಡೆಯುತ್ತದಲ್ಲ, ಅದು. ಅಲಂಕಾರ ಇಲ್ಲ, ಬ್ಯಾಂಡಿಲ್ಲ. ಬೆನ್ನ ಮೇಲೆ ಮರಳಿನ ಮೂಟೆ ಹೊತ್ತು ನಮ್ಮ ನಿಮ್ಮ ಹಾಗೆ ಡ್ಯೂಟಿಗೆ ಹೊರಟಂತೆ ನಡೆಯುತ್ತವೆ. ಸಯ್ಯಾಜಿರಾವ್ ರಸ್ತೆಯಲ್ಲಿ ಹಾಲಿನವನು ಸ್ಕೂಟರ್ ನಿಲ್ಲಿಸಿ ಕಾಯುತ್ತಾನೆ. ದೇವರಾಜ ಮಾರುಕಟ್ಟೆಗೆ ಹೂವಿನ ಮೂಟೆ ಇಳಿಸುವವರು ಕೈ ನಿಲ್ಲಿಸಿ ನೋಡುತ್ತಾರೆ, ದಿನಾ ನೋಡಿದ್ದರೂ. ಜಂಬೂಸವಾರಿ ದಿನ ಪಾಸಿದ್ದವರಿಗೆ ಕುರ್ಚಿ. ಈ ಬೆಳಗುಗಳಿಗೆ ಪಾಸು ಬೇಡ, ಅಲ್ವಾ?

ಆದರೆ ನನ್ನ ಪ್ರಕಾರ ಶರತ್ಕಾಲಕ್ಕೆ ಬಾಗಿಲು ತೆಗೆಯುವುದು ಅಟ್ಟದ ಮೇಲಿನ ಟ್ರಂಕು. ಅಮಾವಾಸ್ಯೆ ಸಂಜೆ ಅದು ಕೆಳಗೆ ಬರುತ್ತದೆ. ಅಮ್ಮನ ಹಳೇ ಸೀರೆ ತುಂಡುಗಳಲ್ಲಿ ಸುತ್ತಿಟ್ಟ ಬೊಂಬೆಗಳು, ನುಸಿಗುಳಿಗೆಯ ವಾಸನೆ. ಮೊದಲು ಬಿಚ್ಚುವುದು ಪಟ್ಟದ ಬೊಂಬೆಗಳನ್ನು, ಅಂದರೆ ರಾಜ-ರಾಣಿಯ ಜೋಡಿಯನ್ನು. ನಮ್ಮ ಮನೆಯ ರಾಜನ ಕಿರೀಟ ನಾನು ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ಕಳೆದುಹೋಯಿತು. ಕಳೆದದ್ದು ನಾನೇ, ಅದನ್ನು ಹಾಕಿಕೊಂಡು ಬೀದಿಯಲ್ಲಿ ಆಡಲು ಹೋಗಿದ್ದೆ. ಅಂದಿನಿಂದ ಪ್ರತಿ ವರ್ಷ ಸಿಗರೇಟು ಪ್ಯಾಕಿನ ಚಿನ್ನದ ಬಣ್ಣದ ಕಾಗದದಲ್ಲಿ ಹೊಸ ಕಿರೀಟ. ನಮ್ಮ ಮನೆಯಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ಬಂದರೆ ಅಂಗಡಿ ಮುಂದೆ ಬಗ್ಗಿ ಖಾಲಿ ಪ್ಯಾಕು ಆರಿಸುವ ಗೌರವಸ್ಥ ಸಂಪಾದಕನನ್ನು ನೀವು ನೋಡಬಹುದು.

ಬೊಂಬೆ ಕೂರಿಸಿದ ಮೇಲೆ ಸಂಜೆ ಮಕ್ಕಳ ದಂಡು. "ಬೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆಗೂ ಹೋಗುವುದು. ಬೊಂಬೆ ನೋಡುವುದು ನೆಪ, ಕಣ್ಣೆಲ್ಲ ಚರ್ಪಿನ ಮೇಲೆ, ಅಂದರೆ ಬೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿಯ ಮೇಲೆ. ನಮ್ಮ ಹತ್ತಿರ ಇಡೀ ಬೀದಿಯ ನಕ್ಷೆ ಇತ್ತು. ಮೂಲೆ ಮನೆಯಲ್ಲಿ ಕಡಲೆಕಾಳಿನ ಉಸ್ಲಿ, ದಿನಾ ಅದೇ, ಕೊನೆಗೆ ಹೋದರೂ ನಡೆಯುತ್ತದೆ. ಮಹಡಿ ಮನೆಯಲ್ಲಿ ರವೆ ಉಂಡೆ, ಬೇಗ ಮುಗಿಯುತ್ತದೆ, ಮೊದಲು ಹೋಗಬೇಕು. ಹಳದಿ ಗೇಟಿನ ಮನೆಯ ಅಜ್ಜಿ ಹಾಡು ಹೇಳಿದರೆ ಮಾತ್ರ ಕೈಗೆ ಹಾಕುತ್ತಿದ್ದರು. ನನಗೆ ಹಾಡು ಬರುತ್ತಿರಲಿಲ್ಲ. ಹದಿಮೂರರ ಮಗ್ಗಿ ಹೇಳಿದೆ. ಅಜ್ಜಿ ಗಂಭೀರವಾಗಿ ಕೇಳಿ, ಎರಡು ಕಡೆ ತಿದ್ದಿ, ಕೋಡುಬಳೆ ಕೊಟ್ಟರು. ನಮ್ಮ ಬೀದಿಯಲ್ಲಿ ಈಗ ಬೊಂಬೆ ಕೂರಿಸುವ ಮನೆ ನಾಲ್ಕೇ. ಮಕ್ಕಳು ಮಾತ್ರ ಬರುತ್ತಾರೆ, ಪಕ್ಕದ ಬಡಾವಣೆಯಿಂದಲೂ ಬರುತ್ತಾರೆ. ಚರ್ಪಿನ ನಕ್ಷೆ ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ ಅಂತ ಕೇಳಿದೆ. ನಮ್ಮ ಮನೆಗೆ ಅದರಲ್ಲಿ ಯಾವ ಸ್ಥಾನ ಅಂತ ಕೇಳುವ ಧೈರ್ಯ ಆಗಿಲ್ಲ.

ಆಯುಧಪೂಜೆಗೆ ಆಫೀಸು, ಗ್ಯಾರೇಜು, ಅಂಗಡಿ ಎಲ್ಲ ಕಡೆ ಕೊಡುವ ಕಡ್ಲೆಪುರಿ ಪೊಟ್ಟಣ. ತಳ್ಳುಗಾಡಿಯ ಬಿಸಿ ಬೇಯಿಸಿದ ಕಡಲೆಕಾಯಿ. ರಸ್ತೆ ಬದಿ ಬುಟ್ಟಿಯಲ್ಲಿ ಕಣ್ಣು ಬಿಟ್ಟ ಸೀತಾಫಲ. ಇವನ್ನೆಲ್ಲ ಬರೆಯುತ್ತಾ ಹೋದರೆ ನನಗೇ ಹಸಿವಾಗುತ್ತದೆ. ಅವರೆಕಾಯಿಗೆ ಇನ್ನೂ ಕಾಯಬೇಕು, ಅದು ಚಳಿಯ ಖಾತೆ. ಅಲ್ಲಿಗೆ ಶರತ್ಕಾಲದ ಗಡಿ ಮುಗಿಯುತ್ತದೆ ಅಂತ ಅಡುಗೆಮನೆಯೇ ಗೆರೆ ಎಳೆದಿದೆ.

ಒಂದು ಮಾತು ಬಾಕಿ. ಸಂಜೆ. ಜೂನ್‌ನಲ್ಲಿ ಆರೂ ಮುಕ್ಕಾಲಿಗೂ ಬೆಳಕಿರುತ್ತಿತ್ತು. ಈಗ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆ ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆಡುವ ಮಕ್ಕಳಿಗೆ ಮಾತ್ರ ಗೊತ್ತಾಗುತ್ತದೆ. ಕ್ರಿಕೆಟ್ಟಿನಲ್ಲಿ ಕೊನೇ ಬ್ಯಾಟಿಂಗ್ ಯಾರದು ಅಂತ ಈ ತಿಂಗಳೇ ಜಗಳ ಜಾಸ್ತಿ. ನಿಮ್ಮ ಮೊಮ್ಮಕ್ಕಳಿದ್ದರೆ ವಿಚಾರಿಸಿ ನೋಡಿ.

ಮಳೆ ಬಿಡುವುದಿಲ್ಲವಲ್ಲ, ಇದು ಹೇಗೆ ಬೇರೆ ಕಾಲ ಅಂತ ಈಗಲೂ ನಿಮಗೆ ಅನುಮಾನ ಇರಬಹುದು. ನಮ್ಮ ರೈತರು ಮಳೆಗೆ ಒಂದೇ ಹೆಸರಿಟ್ಟು ಕೈಬಿಟ್ಟಿಲ್ಲ. ಈಗ ಬರುವುದು ಹಸ್ತೆ, ಆಮೇಲೆ ಚಿತ್ತೆ, ಆಮೇಲೆ ಸ್ವಾತಿ. "ಕುರುಡು ಚಿತ್ತೆ, ಎರಚಿದತ್ತ ಬೆಳೆ" ಅಂತಾರೆ. ಒಂದು ಹೊಲ ನೆನೆದು ಪಕ್ಕದ ಹೊಲ ಒಣಗಿರುವ ಮಳೆ ಅದು. ಸೋನೆ ಹಿಡಿದು ಕೂರುವ ಮಳೆಗೂ ಇದಕ್ಕೂ ಸಂಬಂಧವೇ ಇಲ್ಲ. ವಿಜ್ಞಾನದ ಮೇಷ್ಟ್ರಿಗೆ ಇಷ್ಟು ಸಾಕ್ಷಿ ಸಾಲದೇ?

ಇನ್ನು ಚಂದಾ ವಿಷಯ. ರಿಜಿಸ್ಟರ್ ನೋಡಿಸಿದೆ, ನಿಮ್ಮದು ಮಾರ್ಚ್‌ವರೆಗೆ ಇದೆ. ನನ್ನ ಕೋರಿಕೆ ಒಂದೇ. ಜನವರಿ ಕೊನೆಗೆ ನಿಮ್ಮ ಹಳೇ ಶಾಲೆಯ ಕಡೆ ಒಮ್ಮೆ ಹೋಗಿಬನ್ನಿ. ಅಂಗಳದಲ್ಲಿ ಬಾದಾಮಿ ಮರ ಇದ್ದೇ ಇರುತ್ತದೆ. ಎಲೆ ಕೆಂಪಾಗಿದ್ದರೆ ನಿಮ್ಮ ಫೋನಿನಲ್ಲೇ ಒಂದು ಫೋಟೊ ತೆಗೆದು ಕಳಿಸಿ. ಫೆಬ್ರವರಿ ಮುಖಪುಟಕ್ಕೆ ಅದನ್ನೇ ಹಾಕುತ್ತೇನೆ, ಮಂಡ್ಯದ ಎಲೆ ಅಂತ ಕೆಳಗೆ ಬರೆಸುತ್ತೇನೆ. ಅದನ್ನು ನೋಡಿ ಆಮೇಲೆ ಚಂದಾ ಕಟ್ಟುವುದೋ ಬೇಡವೋ ಯೋಚನೆ ಮಾಡಿ.

– ಸಂಪಾದಕ